ವರ್ಚುವಲ್ ಮೆಮೊರಿಗೆ ಕೈ ಹಾಕಿದ ಮೇಷ್ಟ್ರು

ನಾನು ಗಣಿತದ ಮೇಷ್ಟ್ರು. ಶ್ರೀರಾಂಪುರದ ಸರ್ಕಾರಿ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ಒಮ್ಮೆ ಶಾಲೆಯ ಪ್ರೊಜೆಕ್ಟರ್ ಕೆಟ್ಟಾಗ ಅದರ ವೈರು ಹಿಡಿದು ಅಲ್ಲಾಡಿಸಿದೆ, ಬೆಳಕು ಬಂತು. ಕಂಪ್ಯೂಟರ್ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ಅಂದೇ ಸ್ಟಾಫ್ ರೂಮಿನಲ್ಲಿ ತೀರ್ಮಾನವಾಯಿತು. ತೀರ್ಮಾನ ಮಾಡಿದವನು ನಾನೇ!

ಹೊಸದುರ್ಗದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೆಂಡತಿ ಗಿರಿಜಾ ಡಿಟಿಪಿ ಕೆಲಸ ಮಾಡುತ್ತಾಳೆ. ಲಗ್ನಪತ್ರಿಕೆ, ಕರಪತ್ರ, ಬ್ಯಾನರು ಎಲ್ಲವೂ ಅವಳ ಕೈಯಿಂದಲೇ. ಆ ವಾರ ದೊಡ್ಡದೊಂದು ಕೆಲಸ ಬಂದಿತ್ತು: ಒಬ್ಬ ನಾಯಕರ ಹುಟ್ಟುಹಬ್ಬದ ಬ್ಯಾನರು. ಇಪ್ಪತ್ತು ಅಡಿ ಅಗಲ. ನಡುವೆ ಕೈಮುಗಿದ ನಾಯಕರು, ಸುತ್ತ ಅರವತ್ತು ಹಿತೈಷಿಗಳ ಮುಖ. ಯಾರ ಮುಖ ಯಾರದಕ್ಕಿಂತ ಒಂದಂಗುಲ ಸಣ್ಣದಾದರೂ ಪಕ್ಷ ಒಡೆಯುತ್ತದೆ. ಅಷ್ಟು ಮುಖಗಳನ್ನು ಹೊತ್ತು ನಮ್ಮ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು.

ಭಾನುವಾರ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ನಯಾಜ್ ಬಂದ. ನಾಲ್ಕು ಜಿಬಿ ಮೆಮೊರಿ ಕಿತ್ತು ಎಂಟು ಜಿಬಿಯದನ್ನು ಕೂರಿಸಿದ. ಕಂಪ್ಯೂಟರ್ ನಾಗಾಲೋಟ ಹೂಡಿತು.

"ಎಲ್ಲ ಸರಿ ಐತೆ ಮೇಷ್ಟ್ರೆ. ಇನ್ನೇನೂ ಮುಟ್ಟಬೇಡ್ರಿ," ಎಂದ, ಚಪ್ಪಲಿ ಮೆಟ್ಟುತ್ತಾ.

ಈ ಮಾತನ್ನು ಅವನು ನನಗೆ ಹೇಳಬಾರದಿತ್ತು. ಇಪ್ಪತ್ತೆರಡು ವರ್ಷಗಳಿಂದ ಮಕ್ಕಳಿಗೆ 'ಮುಟ್ಟಬೇಡ' ಎನ್ನುತ್ತಾ ಬಂದವನಿಗೆ ಅದೇ ಮಾತು!

ಗಿರಿಜಾ ಉಪ್ಪಿಟ್ಟು ಮಾಡಲು ಒಳಗೆ ಹೋದಳು. ನಾನು ಕಂಪ್ಯೂಟರ್ ಮುಂದೆ ಕುಳಿತು, ಅದರ ಸೆಟ್ಟಿಂಗುಗಳ ಒಳಗೆ, ಒಳಗಿನ ಒಳಗೆ ಹೋದೆ. ಅಲ್ಲಿ 'ವರ್ಚುವಲ್ ಮೆಮೊರಿ' ಎಂಬುದು ಕಂಡಿತು. ಅದೇನೆಂದು ಮೊಬೈಲಿನಲ್ಲಿ ಓದಿಕೊಂಡೆ. ವಿಷಯ ಸರಳ. ಮೆಮೊರಿ ಎಂದರೆ ತರಗತಿಯ ಕೋಣೆ. ಕೋಣೆ ತುಂಬಿದಾಗ ಉಳಿದ ಮಕ್ಕಳನ್ನು ವರಾಂಡದಲ್ಲಿ ಕೂರಿಸುತ್ತೇವಲ್ಲ, ಹಾಗೆ ಕಂಪ್ಯೂಟರು ಡಿಸ್ಕಿನಲ್ಲಿ ಒಂದಿಷ್ಟು ಜಾಗ ಹಿಡಿದಿಟ್ಟುಕೊಂಡಿರುತ್ತದೆ. ಅದೇ ವರ್ಚುವಲ್ ಮೆಮೊರಿ.

ಈಗ ಕೋಣೆಯೇ ಎರಡು ಪಟ್ಟು ದೊಡ್ಡದಾಗಿದೆ. ಇನ್ನು ವರಾಂಡ ಯಾಕೆ? ಅಸಲಿ ಮೆಮೊರಿ ಇರುವ ಮನೆಯಲ್ಲಿ ನಕಲಿಗೇನು ಕೆಲಸ? 'ಬೇಡ' ಎಂಬಲ್ಲಿ ಗುರುತು ಹಾಕಿ, ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿದೆ. ಸದರಿ ವರಾಂಡವು ಹೀಗೆ ಸಮಸ್ತ ಗೌರವಗಳೊಂದಿಗೆ ರದ್ದಾಯಿತು.

ಮಧ್ಯಾಹ್ನದವರೆಗೆ ಗಿರಿಜಾ ತದೇಕಚಿತ್ತಳಾಗಿ ಕೆಲಸ ಮಾಡಿದಳು. ಆಮೇಲೆ ಒಂದು ಕೂಗು ಕೇಳಿತು.

"ರೀ! ಮೆಮೊರಿ ಸಾಲ್ದು ಅಂತ ಬಂದು ಮುಚ್ಕೊಂಡೇ ಹೋತು ಕಣ್ರಿ!"

"ಸಾಧ್ಯವೇ ಇಲ್ಲ. ಈಗ ಎಂಟು ಐತೆ."

"ನಾಲ್ಕಿದ್ದಾಗ ಕುಂಟ್ಕಂತ ಆದ್ರೂ ನಡೀತಿತ್ತು. ಬೆಳಿಗ್ಗಿಂದ ಹನ್ನೊಂದು ಜನರ ಫೋಟೋ ಕೂರ್ಸಿದ್ದೆ. ಸೇವ್ ಆಗಾಕೆ ಹತ್ತು ನಿಮಿಷ ಹಿಡೀತೈತೆ, ಎಲ್ಲ ಸೇರಿ ಒಂದೇ ಸಲ ಮಾಡಾಣ ಅಂತ ಒತ್ತಿದೆ. ಎಲ್ಲ ಹೋತು!"

ಅವಳು ನನ್ನ ಮುಖ ನೋಡಿದಳು. ನಾನು ಕ್ಯಾಲೆಂಡರ್ ನೋಡಿದೆ.

"ಏನಾರ ಮುಟ್ಟಿದ್ರಾ?"

"ಒಂದು ಸಣ್ಣ ಸುಧಾರಣೆ," ಎಂದೆ.

ಮತ್ತೆ ಮೊಬೈಲ್ ತೆಗೆದೆ. ವರಾಂಡ ಎಷ್ಟಿರಬೇಕು ಎಂಬುದಕ್ಕೂ ಒಂದು ಲೆಕ್ಕವಿದೆಯಂತೆ: ಇರುವ ಮೆಮೊರಿಯ ಒಂದೂವರೆ ಪಟ್ಟು. ಲೆಕ್ಕವೆಂದರೆ ನನ್ನ ಕ್ಷೇತ್ರ! ಎಂಟು ಜಿಬಿ ಎಂದರೆ 8192 ಎಂಬಿ. ಅದರ ಒಂದೂವರೆ ಪಟ್ಟು 12288. ಕಾಗದ ಪೆನ್ನು ಇಲ್ಲದೆ ಮನಸ್ಸಿನಲ್ಲೇ ಮಾಡಿದೆ. ಬಳಿಕ ಅದನ್ನು ಎರಡು ಖಾನೆಗಳಲ್ಲೂ ತುಂಬಿದೆ. ತುಂಬಿದ್ದು 122880!

ಸೊನ್ನೆ ಹೆಚ್ಚು ಹಾಕಿದ ಮಕ್ಕಳಿಗೆ ಪೂರ್ತಿ ಅಂಕ ಕತ್ತರಿಸುವ ಮೇಷ್ಟ್ರು ನಾನು. ಆ ಒಂದು ಸೊನ್ನೆಯಿಂದ ಡಿಸ್ಕಿನಲ್ಲಿದ್ದ ಖಾಲಿ ಜಾಗವೆಲ್ಲ ವರಾಂಡವಾಯಿತು. ಶಾಲೆಗಿಂತ ವರಾಂಡ ದೊಡ್ಡದಾದದ್ದು ನನಗೆ ಆಗ ತಿಳಿಯಲಿಲ್ಲ.

ಗಿರಿಜಾ ಊಟ ಬಿಟ್ಟು ಹನ್ನೊಂದು ಮುಖಗಳನ್ನೂ ಮತ್ತೆ ಕೂರಿಸಿದಳು. ಸೇವ್ ಒತ್ತಿದರೆ ಎಲ್ಲಿ ಮತ್ತೆ ಮುಚ್ಚಿಕೊಳ್ಳುತ್ತದೋ ಎಂಬ ಭಯಕ್ಕೆ ಅದನ್ನು ಕೊನೆಗೆ ಇಟ್ಟುಕೊಂಡಳು. ಅಷ್ಟರಲ್ಲಿ ನಾಯಕರ ಕಡೆಯ ಬಸಣ್ಣ ಬಂದು ಬಾಗಿಲಲ್ಲಿ ನಿಂತ. ಬಿಳಿ ಅಂಗಿ, ಬಿಳಿ ಪ್ಯಾಂಟು, ಕೈಯಲ್ಲಿ ಎರಡು ಫೋನು.

"ಅಕ್ಕೋರೆ, ಬೇಗ ಕೊಡ್ರಿ. ನಾಲ್ಕಕ್ಕೆಲ್ಲ ಚಿತ್ರದುರ್ಗದಾಗೆ ಇರ್ಬೇಕು. ಪ್ರಿಂಟ್ ಹಾಕೋನು ಕಾಯಾಕಿಲ್ಲ."

ಗಿರಿಜಾ ಉಸಿರು ಬಿಗಿಹಿಡಿದು ಸೇವ್ ಒತ್ತಿದಳು. 'ಡಿಸ್ಕ್ ತುಂಬಿದೆ' ಎಂದು ಬಂತು.

"ನಿನ್ನೆ ಅರ್ಧ ಖಾಲಿ ಇತ್ತಲ್ರಿ!" ಎಂದು ಎದ್ದಳು. "ನಯಾಜ್‌ಗೆ ಫೋನ್ ಮಾಡ್ತೀನಿ. ನಾ ಬರಾಗಂಟ ಅದನ್ನ ಮುಟ್ಟಬೇಡ್ರಿ. ದಮ್ಮಯ್ಯ ಅಂತೀನಿ."

ನಮ್ಮ ಮನೆಯಲ್ಲಿ ಓದಲು ವೈಫೈ ಇದೆ, ಆದರೆ ಮಾತಾಡಲು ಸಿಗ್ನಲ್ ಸಿಗುವುದು ಮಹಡಿಯ ಮೇಲೆ ಮಾತ್ರ. ಅವಳು ಮೆಟ್ಟಿಲು ಹತ್ತಿದಳು. ಬಸಣ್ಣ ಗಡಿಯಾರ ನೋಡಿದ.

"ಮೇಷ್ಟ್ರೆ, ನಿಮಗೂ ಇದೆಲ್ಲ ಬರುತ್ತಂತಲ್ಲ?"

ಇಂಥ ಪ್ರಶ್ನೆಗೆ 'ಇಲ್ಲ' ಎಂದ ಮೇಷ್ಟ್ರು ಚಿತ್ರದುರ್ಗ ಜಿಲ್ಲೆಯಲ್ಲೇ ಇಲ್ಲ. ನಾನು ಕುಳಿತೆ. ಪರದೆಯ ಮೇಲೆ ಬ್ಯಾನರು ತೆರೆದಿದ್ದ ಕಿಟಕಿ ಮುಚ್ಚಲು ಒತ್ತಿದರೆ, 'ಬದಲಾವಣೆಗಳನ್ನು ಉಳಿಸಬೇಕೇ?' ಎಂದು ಕೇಳಿತು. ಬೆಳಿಗ್ಗೆಯಿಂದ ಮಾಡಿದ ಬದಲಾವಣೆಗಳೇ ಸಾಕಾಗಿದ್ದವು. ಇನ್ನು ಯಾವ ಬದಲಾವಣೆಯೂ ಬೇಡವೆಂದು 'ಇಲ್ಲ' ಒತ್ತಿದೆ. ಫೈಲನ್ನು ಪೆನ್ ಡ್ರೈವಿಗೆ ಹಾಕಿ ಬಸಣ್ಣನ ಕೈಗಿಟ್ಟೆ. ಅವನು ಓಡಿದ.

"ಸೇವ್ ಆಯ್ತೇನ್ರಿ?" ಗಿರಿಜಾ ಇಳಿದು ಬಂದು ಕೇಳಿದಳು.

"ಆಯ್ತು. ಕಳ್ಸಿದೆ," ಎಂದೆ.

"ಅಬ್ಬ! ನೀವಿದ್ದಿದ್ದಕ್ಕೆ ಆತು ನೋಡ್ರಿ." ಮದುವೆಯಾದ ಮೇಲೆ ಅವಳು ಈ ಮಾತು ಹೇಳಿದ್ದು ಅದೇ ಮೊದಲು. ಎರಡನೆಯ ಸಲ ಇನ್ನೂ ಹೇಳಿಲ್ಲ.

ಸೋಮವಾರ ಬೆಳಿಗ್ಗೆ ಶ್ರೀರಾಂಪುರದ ಬಸ್ಸು ಹಿಡಿಯಲು ಹೊರಟೆ. ಸರ್ಕಲ್ಲಿನಲ್ಲಿ ಬ್ಯಾನರು ಎದ್ದಿತ್ತು. ಅದರ ಕೆಳಗೆ ಜನ ತಲೆಯೆತ್ತಿ ನಗುತ್ತಿದ್ದರು. ನಾನೂ ತಲೆಯೆತ್ತಿದೆ. ನಾಯಕರ ಬಲಗಡೆ ನಾನಿದ್ದೆ. ಎಡಗಡೆಯೂ ನಾನೇ. ಮಾಡದಕೆರೆ ಹೋಬಳಿಯ ಯುವ ಮುಖಂಡ ನಾನು, ರೈತ ಘಟಕದ ಕಾರ್ಯದರ್ಶಿ ನಾನು. ಒಟ್ಟು ಹನ್ನೊಂದು ಕಡೆ, ಒಂದೇ ಕನ್ನಡಕ, ಒಂದೇ ಮೀಸೆ!

ಗಿರಿಜಾಗೆ ಫೋನ್ ಮಾಡಿದೆ. ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದವಳು ಎತ್ತಿದಳು.

"ಫೋಟೋ ಬಾರದೆ ಇದ್ದೋರ ಜಾಗಕ್ಕೆ ಅಳತೆಗೆ ಅಂತ ನಿಮ್ಮ ಪಾಸ್‌ಪೋರ್ಟ್ ಫೋಟೋ ಇಟ್ಕಂಡಿದ್ದೆ ಕಣ್ರಿ. ಭಾನುವಾರ ಅದನ್ನೇ ತೆಗೆದು ಅವರವರ ಮುಖ ಹಾಕಿದ್ದು. ನೀವು ಶನಿವಾರದ ಫೈಲ್ ಕೊಟ್ಟೀರಿ!"

ಸಂಜೆ ಮನೆಗೆ ಬಂದಾಗ ಮಹಿಳಾ ಘಟಕದ ಅಧ್ಯಕ್ಷೆ ರುದ್ರಮ್ಮ ಕುರ್ಚಿಯಲ್ಲಿ ಕುಳಿತಿದ್ದರು.

"ನನ್ನ ಹೆಸರಿನ ಮ್ಯಾಲೆ ಮೀಸೆ ಯಾಕೆ ಬಂತ್ರಿ ಮೇಷ್ಟ್ರೆ? ನಮ್ಮನೆಯೋರು ಬೆಳಿಗ್ಗಿಂದ ನಗ್ತಾ ಅವ್ರೆ!"

ನಾನು ವರಾಂಡದ ಉಪಮೆ ಶುರುಮಾಡಿದೆ. ಅವರು ಎದ್ದು ಹೋದರು. ಗಿರಿಜಾ ತನ್ನ ಕೈಯಿಂದಲೇ ದುಡ್ಡು ಹಾಕಿ ಹೊಸ ಬ್ಯಾನರು ಮಾಡಿಸಿಕೊಟ್ಟಳು. ನಯಾಜ್ ಬಂದು, ನನ್ನ ಅಂಕಿಗಳನ್ನು ಅಳಿಸಿ, 'ಕಂಪ್ಯೂಟರೇ ನೋಡಿಕೊಳ್ಳಲಿ' ಎಂಬ ಒಂದು ಚೌಕಕ್ಕೆ ಗುರುತು ಹಾಕಿದ. ಅರ್ಧ ನಿಮಿಷದ ಕೆಲಸ.

"ಅದಕ್ಕೇ ಬಿಟ್‌ಬಿಡ್ರಿ ಮೇಷ್ಟ್ರೆ. ಅದಕ್ಕೆ ಗೊತ್ತೈತೆ," ಎಂದ. ಯಾರಿಗೆ ಗೊತ್ತಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ. ಸಂಸ್ಕಾರವಂತ.

ಅಷ್ಟಕ್ಕೇ ಮುಗಿಯಲಿಲ್ಲ. ಯಾರೋ ಪುಣ್ಯಾತ್ಮರು ಬ್ಯಾನರಿನ ಚಿತ್ರ ತೆಗೆದು ನಮ್ಮ ಮೇಲಿನ ಕಚೇರಿಗೆ ಕಳಿಸಿದ್ದರು. ಗುರುವಾರ ಮೆಮೊ ಬಂತು: 'ತಾವು ಸರ್ಕಾರಿ ನೌಕರರಾಗಿದ್ದೂ ರಾಜಕೀಯ ಪಕ್ಷವೊಂದರಲ್ಲಿ ಮಹಿಳಾ ಘಟಕದ ಅಧ್ಯಕ್ಷಗಿರಿ ಸೇರಿದಂತೆ ಹನ್ನೊಂದು ಹುದ್ದೆಗಳನ್ನು ಏಕಕಾಲಕ್ಕೆ ಹೊಂದಿರುವುದು ಕಂಡುಬಂದಿದ್ದು, ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು.'

ನೌಕರಿಯ ಪ್ರಶ್ನೆ! ನಾಲ್ಕು ಪುಟ ಬರೆದೆ. ಕೋಣೆ, ವರಾಂಡ, ಒಂದೂವರೆ ಪಟ್ಟು, ಸೊನ್ನೆ, 'ಬದಲಾವಣೆ ಉಳಿಸಬೇಕೇ' ಎಲ್ಲವನ್ನೂ ಚಿತ್ರಸಮೇತ ವಿವರಿಸಿದೆ. ಟೈಪ್ ಮಾಡಿಕೊಟ್ಟವಳು ಗಿರಿಜಾ; ನನಗೆ ಬಾಗಿಲ ಬಳಿ ನಿಂತು ಹೇಳಲು ಮಾತ್ರ ಅನುಮತಿ ಇತ್ತು.

ಕಚೇರಿಯಲ್ಲಿ ಅಧಿಕಾರಿಗಳು ನಾಲ್ಕೂ ಪುಟ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಇಷ್ಟು ವರ್ಷಗಳ ಸೇವೆಯಲ್ಲಿ ನಾನು ಬರೆದ ಕಾಗದವೊಂದನ್ನು ಮೇಲಿನವರು ಪೂರ್ತಿ ಓದಿದ್ದು ಅದೇ ಮೊದಲು. ಕೊನೆಗೆ ಹಸಿರು ಶಾಯಿಯ ಪೆನ್ನು ತೆಗೆದು, ಅಂಚಿನಲ್ಲಿ ಎರಡು ಸಾಲು ಬರೆದು ಸಹಿ ಹಾಕಿದರು:

'ಸಮಜಾಯಿಷಿ ಅರ್ಥವಾಗಿಲ್ಲ. ಆದರೆ ಇವರಿಂದ ರಾಜಕೀಯ ಸಾಧ್ಯವಿಲ್ಲ ಎಂಬುದು ಮನವರಿಕೆಯಾದ್ದರಿಂದ ಕೈಬಿಡಲಾಗಿದೆ.'