ಅವರೆಕಾಳಿನ ಕೆಳಗೆ ಬಂದೂಕು

ಬೇರೆಯವರ ತಪ್ಪು ಹುಡುಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನಿಗೆ ಕಾಲಕ್ರಮದಲ್ಲಿ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ: ತಾನು ಮಾಡುವುದೆಲ್ಲ ಸರಿ ಎಂದು ನಂಬಿಬಿಡುತ್ತಾನೆ. ಈ ಕಾಯಿಲೆ ನನಗಿದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಬೆಂಗಳೂರಿನ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತು ವರ್ಷ ಕುಳಿತವನು ನಾನು. ಸತ್ತವರ ವಯಸ್ಸು, ಗೆದ್ದವರ ಅಂತರ, ಮಂತ್ರಿಗಳ ಇನಿಷಿಯಲ್ಲು, ಯಾವುದನ್ನೂ ಎರಡು ಕಡೆ ವಿಚಾರಿಸದೆ ಪುಟಕ್ಕೆ ಬಿಟ್ಟವನಲ್ಲ. ಅಷ್ಟರ ಮೇಲೂ ತಪ್ಪು ನುಸುಳಿದರೆ ಮರುದಿನ ಒಳಪುಟದ ಮೂಲೆಯಲ್ಲಿ 'ತಿದ್ದುಪಡಿ' ಹಾಕುತ್ತಿದ್ದೆವು. ಅದನ್ನು ಬರೆಯುವ ಕೆಲಸವೂ ನನ್ನದೇ. ಹೆಂಡತಿ ಸರೋಜಾಗೆ ಇಲ್ಲಿನ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆಯ ಕೆಲಸ ಸಿಕ್ಕಿ ನಾವು ಲಂಡನ್ನಿನ ಪಿನ್ನರಿಗೆ ಬಂದಾಗ ನನ್ನ ಪತ್ರಿಕೆ ಹೋಯಿತು, ತಿದ್ದುಪಡಿ ಉಳಿಯಿತು. ಅದೀಗ ಫ್ರಿಜ್ಜಿನ ಬಾಗಿಲಿನ ಮೇಲೆ ಪ್ರಕಟವಾಗುತ್ತದೆ. 'ನಿನ್ನೆಯ ಸಾರಿಗೆ ಉಪ್ಪು ಹಾಕಿದೆ ಎಂದು ಪ್ರಮಾದವಶಾತ್ ಹೇಳಲಾಗಿತ್ತು. ಹಾಕಿಲ್ಲ ಎಂದು ತಿಳಿಯಬೇಕು.' ಇಂಥವು. ಧಾರವಾಡದ ಸರೋಜಾ ಇದನ್ನು ಓದಿ ಹೇಳುವುದು ಒಂದೇ ಮಾತು: "ಒಂದಿನ ನಿಮ್ಮದೂ ಹಾಕ್ತೀನಿ, ತಡೀರಿ."

ನನ್ನದು ಹಾಕಲು ಅವಳಿಗೆ ಆಗಲೇ ಒಂದು ಅವಕಾಶ ಸಿಕ್ಕಿತ್ತು. ನಮ್ಮ ಬೀದಿಯ ಮನೆಗಳೆಲ್ಲ ಒಂದೇ ಅಚ್ಚಿನವು. ಅದೇ ಕೆಂಪು ಇಟ್ಟಿಗೆ, ಅದೇ ಬಿಳಿ ಕಿಟಕಿ, ಬಾಗಿಲ ಮುಂದೆ ಕೌನ್ಸಿಲ್ ಕೊಟ್ಟ ಅವೇ ಮೂರು ಬಣ್ಣದ ಕಸದ ಡಬ್ಬಿಗಳು. ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಟ್ಯೂಬ್ ರೈಲು ಇಳಿದು ಬಂದು ಬೀಗಕ್ಕೆ ಕೀಲಿ ಹಾಕಿದರೆ ತಿರುಗಲೊಲ್ಲದು. ಕೀಲಿಯನ್ನು ಒರೆಸಿದೆ, ಊದಿದೆ, ಬಾಗಿಲನ್ನು ಭುಜದಿಂದ ಒತ್ತಿದೆ, ಕೀಲಿ ಮಾಡಿಕೊಟ್ಟ ಅಂಗಡಿಯವನಿಗೆ ಒಂದು ದೂರಿನ ಪತ್ರವನ್ನು ಮನಸ್ಸಿನಲ್ಲೇ ಬರೆದು, ಅದರಲ್ಲಿ ಎರಡು ವಿಶೇಷಣಗಳನ್ನು ಹೊಡೆದೂ ಹಾಕಿದೆ. ಆಗ ಒಳಗಿನಿಂದ ಬಾಗಿಲು ತೆರೆಯಿತು. ನೀಲಿ ಸ್ವೆಟರಿನ ಬೆಳ್ಳಿಗೂದಲ ಹೆಂಗಸೊಬ್ಬರು ನಿಂತಿದ್ದರು. "ನಿಮ್ಮದು ಪಕ್ಕದ ಮನೆ. ಆದರೂ ಬಂದದ್ದಾಗಿದೆ, ಟೀ ಕುಡಿಯುತ್ತೀರಾ?" ಎಂದರು. ಅವರೇ ಮಾರ್ಗರೆಟ್, ನಿವೃತ್ತ ಭೂಗೋಳದ ಮೇಡಂ. ಊರಿನಲ್ಲಾಗಿದ್ದರೆ ಇಡೀ ಬೀದಿ ಸೇರಿ ನನ್ನನ್ನು ವಿಚಾರಿಸಿಕೊಳ್ಳುತ್ತಿತ್ತು. ಇಲ್ಲಿ ಟೀ ಜೊತೆಗೆ ಬಿಸ್ಕತ್ತೂ ಬಂತು.

ಅವರ ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿ ಸಾಲಾಗಿ ಬೆಳ್ಳಿಯ ಕಪ್ಪುಗಳಿದ್ದವು. ಹೂದೋಟಕ್ಕೆ ಬಂದ ಬಹುಮಾನ ಇರಬೇಕೆಂದು ಊಹಿಸಿ ಹಾಗೆಯೇ ಹೇಳಿದೆ. ಅಲ್ಲ, ಬಂದೂಕಿನಿಂದ ಗುರಿ ಹೊಡೆದು ಗೆದ್ದವು ಎಂದರು. ಒಂದೇ ಮಧ್ಯಾಹ್ನದಲ್ಲಿ ನನ್ನ ಎರಡು ತಪ್ಪುಗಳಾದವು. ಮೂರನೆಯದು, ಮುಂದಿನ ಭಾನುವಾರ ಅವರ ಜೊತೆ ಕ್ಲಬ್ಬಿಗೆ ಹೋದದ್ದು.

ಅಲ್ಲಿ ನಾನು ಕಂಡದ್ದು ನನ್ನ ಧರ್ಮವನ್ನೇ. ಮಾತಿಲ್ಲ, ಗದ್ದಲವಿಲ್ಲ. ಬೋರಲು ಮಲಗು, ಬಾಗಿಲ ಚಿಲಕದಂತಿರುವ ಬೋಲ್ಟನ್ನು ಹಿಂದೆಳೆ, ಒಂದು ಗುಂಡು ಇಡು, ಮುಂದೆ ತಳ್ಳು, ಉಸಿರು ಬಿಡು, ಹೊಡೆ. ಐದು ಗುಂಡು ಹೊಡೆದರೆ ಐದೂ ಕಾಗದದ ಮೇಲೆ ಒಂದು ರೂಪಾಯಿ ನಾಣ್ಯದಡಿ ಅಡಗಬೇಕು. ಅಡಗದಿದ್ದರೆ ನೀವು ಏನೇ ಹೇಳಿ, ಕಾಗದ ಒಪ್ಪುವುದಿಲ್ಲ. ಇಷ್ಟು ಪ್ರಾಮಾಣಿಕವಾದ ಪುಟವನ್ನು ನಾನು ಡೆಸ್ಕಿನಲ್ಲೂ ನೋಡಿರಲಿಲ್ಲ. ಇನ್ನು ಲೈಸೆನ್ಸಿನ ವಿಷಯದಲ್ಲಿ ಈ ದೇಶದ ಪೊಲೀಸರ ಪರಿಶೀಲನೆಯ ಮುಂದೆ ನನ್ನದು ಏನೂ ಅಲ್ಲ. ನನ್ನ ಜಿಪಿಗೆ, ಅಂದರೆ ಮನೆವೈದ್ಯರಿಗೆ, ಬರೆದು ನನ್ನ ತಲೆ ನೆಟ್ಟಗಿದೆಯೇ ಎಂದು ಕೇಳಿದರು, ಪರಿಚಿತರನ್ನು ಕೇಳಿದರು, ಗೋಡೆಗೆ ಬಿಗಿದ ಉಕ್ಕಿನ ಬೀರುವನ್ನು ಅಲ್ಲಾಡಿಸಿ ನೋಡಿದರು. ಎಲ್ಲ ಮುಗಿದು ಲೈಸೆನ್ಸು ಬಂದಾಗ ಸರೋಜಾ ಅದನ್ನು ಬೆಳಕಿಗೆ ಹಿಡಿದು, "ದೀಪಾವಳ್ಯಾಗ ಸರಪಟಾಕಿ ಹಚ್ರೀ ಅಂದ್ರ ಗ್ಯಾಸ್ ಸಿಲಿಂಡರ್ ಹಿಂದ ಹೋಗಿ ನಿಂತಾವ್ರಿಗೆ ಯಾರರೀ ಇದನ್ನ ಕೊಟ್ಟವ್ರು?" ಎಂದಳು. ನಾನು ನಿಂತದ್ದು ಸಿಲಿಂಡರಿನ ಹಿಂದಲ್ಲ, ಅಕ್ಕಿ ಡ್ರಮ್ಮಿನ ಹಿಂದೆ. ತಿದ್ದಿದೆ. ಪ್ರಯೋಜನವಾಗಲಿಲ್ಲ.

ಅಂಗಡಿಯಿಂದ ಸಿದ್ಧ ಬಂದೂಕು ತಂದಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಾನು ಕ್ಲಬ್ಬಿನ ಬಂದೂಕಿನಲ್ಲೇ ಮೂರು ವರ್ಷ ಹೊಡೆದ ಮೇಲೆ, ಒಳ್ಳೆಯ ಗುರಿಕಾರರು ತಮ್ಮ ಮೈಗೆ ಹೊಂದುವಂತೆ ತಾವೇ ಕಟ್ಟಿಕೊಳ್ಳುತ್ತಾರೆ ಎಂದು ಮಾರ್ಗರೆಟ್ ಒಮ್ಮೆ ಅಂದುಬಿಟ್ಟರು. ಇನ್ನೊಬ್ಬರು ಬರೆದದ್ದನ್ನು ಹಾಗೇ ಅಚ್ಚು ಹಾಕುವ ಅಭ್ಯಾಸ ನನಗೂ ಇರಲಿಲ್ಲ. ಕಬ್ಬಿಣದ ಕೆಲಸವನ್ನೆಲ್ಲ ಪರವಾನಗಿ ಇರುವ ಕಮ್ಮಾರರೇ ಮಾಡಿ, ಪರೀಕ್ಷಿಸಿ, ಮುದ್ರೆ ಒತ್ತಿ ಕೊಟ್ಟರು. ಅದಕ್ಕೆ ಎಂಟು ತಿಂಗಳು ಕಾದೆ. ಇಷ್ಟರಲ್ಲಿ ಒಂದು ಮಗು ಹುಟ್ಟುತ್ತಿತ್ತು ಎಂದು ಸರೋಜಾ ವೈದ್ಯಕೀಯವಾಗಿ ಲೆಕ್ಕ ಕೊಟ್ಟಳು. ನನ್ನ ಪಾಲಿಗೆ ಬಂದದ್ದು ಮರದ ಮೈ. ಅಕ್ರೋಟು ಮರದ ದಿಮ್ಮಿಯೊಂದನ್ನು ಗ್ಯಾರೇಜಿನಲ್ಲಿಟ್ಟು, ಇಡೀ ಬೇಸಿಗೆ ಕೆತ್ತಿದೆ, ಉಜ್ಜಿದೆ, ನನ್ನ ಕೆನ್ನೆಗೆ ಒರಗಿಸಿ ನೋಡಿದೆ, ಮತ್ತೆ ಉಜ್ಜಿದೆ. ಮರದ ಹುಡಿ ಸರೋಜಾ ಒಣಹಾಕಿದ ಹಪ್ಪಳದ ಮೇಲೂ ಕೂತಿತು. ಕರಿದಾಗ ಒಂದು ವಿಶೇಷ ಘಮ ಬಂತು. ಅದರ ಮೂಲವನ್ನು ನಾನು ಬಿಟ್ಟುಕೊಡಲಿಲ್ಲ. ಪತ್ರಕರ್ತನಿಗೆ ಅಷ್ಟು ಹಕ್ಕಿದೆ.

ಕೊನೆಯ ಕೆಲಸ, ಕಬ್ಬಿಣದ ಹೊಟ್ಟೆಯನ್ನು ಮರದ ಹಳ್ಳದಲ್ಲಿ ಅಲುಗದ ಹಾಗೆ ಕೂರಿಸುವುದು. ನಡುವಿನ ಸಂದಿಗೆ ಒಂದು ಬಗೆಯ ರಾಳ ಹಚ್ಚುತ್ತಾರೆ. ರಾಳ ಕಬ್ಬಿಣದ ಅಚ್ಚು ತೆಗೆದುಕೊಂಡು ಗಟ್ಟಿಯಾದ ಮೇಲೆ ಕಬ್ಬಿಣವನ್ನು ಬಿಡಿಸಿ ಎತ್ತಬೇಕು. ಹಾಗೆ ಎತ್ತಲು ಬರಬೇಕಾದರೆ ಕಬ್ಬಿಣಕ್ಕೆ ಮೊದಲು ಅದರದೇ ಒಂದು ಮೇಣ ಬಳಿದಿರಬೇಕು. ರಾಳದ ಜೊತೆ ಬಂದ ಸೂಚನೆಗಳ ಹಾಳೆಯಲ್ಲಿ ಈ ಮಾತು ಮೂರು ಸಲ ಇತ್ತು. ಒಂದೇ ವಿಷಯ ಮೂರು ಸಲ ಬಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಎರಡನ್ನು ಪೆನ್ನಿನಿಂದ ಹೊಡೆದುಹಾಕಿ ಅಂಚಿನಲ್ಲಿ 'ಪುನರುಕ್ತಿ' ಎಂದು ಬರೆದೆ. ಉಳಿದ ಒಂದನ್ನು ಪಾಲಿಸೋಣವೆಂದರೆ ಮೇಣದ ಡಬ್ಬಿ ಪೆಟ್ಟಿಗೆಯಲ್ಲಿ ಬಂದಿರಲಿಲ್ಲ. ಆಗ ನನಗೆ ಮೈಸೂರಿನ ನಮ್ಮ ಮನೆಯ ಹಿತ್ತಿಲು ನೆನಪಾಯಿತು. ಹಲಸಿನ ಹಣ್ಣು ಬಿಡಿಸುವಾಗ ಅಮ್ಮ ಏನು ಮಾಡುತ್ತಿದ್ದರು? ಕೈಗೂ ಈಳಿಗೆಮಣೆಗೂ ಎಣ್ಣೆ ಸವರಿಕೊಳ್ಳುತ್ತಿದ್ದರು. ಹಲಸಿನ ಮೇಣಕ್ಕಿಂತ ಗಟ್ಟಿ ಅಂಟನ್ನು ಈ ಇಂಗ್ಲಿಷರು ಕಂಡಿದ್ದಾರೆಯೇ? ಬಚ್ಚಲುಮನೆಯಿಂದ ಕೊಬ್ಬರಿ ಎಣ್ಣೆಯ ಬಾಟಲಿ ತಂದು ಬಂದೂಕಿಗೆ ತಲೆಗೆ ಹಚ್ಚುವ ಹಾಗೆ ಹಚ್ಚಿದೆ, ರಾಳ ಸುರಿದೆ, ಕೂರಿಸಿದೆ, ತಿರುಪು ಬಿಗಿದೆ.

ಅಮ್ಮ ಹಲಸು ಬಿಡಿಸುತ್ತಿದ್ದದ್ದು ಜೂನ್ ತಿಂಗಳ ಮೈಸೂರಿನಲ್ಲಿ, ನಾನು ಎಣ್ಣೆ ಹಚ್ಚಿದ್ದು ನವೆಂಬರಿನ ಪಿನ್ನರಿನಲ್ಲಿ. ಆ ಚಳಿಗೆ ಕೊಬ್ಬರಿ ಎಣ್ಣೆ ಅರೆಗಳಿಗೆಯಲ್ಲಿ ಬೆಣ್ಣೆಯ ಹಾಗೆ ಹೆಪ್ಪುಗಟ್ಟಿ ಮುದ್ದೆಮುದ್ದೆಯಾಗಿ ಸರಿದುಹೋಯಿತು, ಅದು ಬಿಟ್ಟ ಜಾಗಕ್ಕೆಲ್ಲ ರಾಳ ಇಳಿಯಿತು. ನಾನು ಹೊಡೆದುಹಾಕಿದ ಎರಡು ವಾಕ್ಯಗಳಲ್ಲಿ ಒಂದು, ತಿರುಪಿನ ತೂತುಗಳಿಗೂ ಹಚ್ಚಿ ಎಂದು ಹೇಳುತ್ತಿತ್ತಂತೆ. ಎರಡು ದಿನ ಬಿಟ್ಟು, ತಿರುಪುಗಳನ್ನು ಹೇಗೋ ಬಿಚ್ಚಿ ಎಳೆದರೆ ಬಂದೂಕಿನ ಕಬ್ಬಿಣವೂ ಮರವೂ ನಮ್ಮ ಮದುವೆಗಿಂತ ಗಟ್ಟಿಯಾಗಿ ಕೂಡಿಕೊಂಡಿದ್ದವು.

ಇದೊಂದೇ ಆಗಿದ್ದರೆ ನಾನೂ ಬಂದೂಕೂ ಗ್ಯಾರೇಜಿನಲ್ಲಿ ಗುಟ್ಟಾಗಿ ಇದ್ದುಬಿಡುತ್ತಿದ್ದೆವು. ಆದರೆ ಐದು ವರ್ಷದ ಲೈಸೆನ್ಸಿನ ಅವಧಿ ಮುಗಿಯುತ್ತ ಬಂದಿತ್ತು. ಗುರುವಾರ ಹನ್ನೊಂದು ಗಂಟೆಗೆ ಪೊಲೀಸ್ ಇಲಾಖೆಯ ಕಾಲಿನ್ ಎಂಬ ಅಧಿಕಾರಿ ನವೀಕರಣದ ಪರಿಶೀಲನೆಗೆ ಬರುವವರಿದ್ದರು. ಅವರು ಬಂದೂಕಿನ ಮೇಲೆ ಕೆತ್ತಿದ ಸಂಖ್ಯೆಯನ್ನು ಕಣ್ಣಾರೆ ನೋಡಿ ಕಾಗದದೊಂದಿಗೆ ತಾಳೆ ಹಾಕಬೇಕು. ಆ ಸಂಖ್ಯೆ ಇದ್ದದ್ದು ಕಬ್ಬಿಣದ ಹೊಟ್ಟೆಯಡಿ, ರಾಳದೊಳಗೆ. ಸಂಖ್ಯೆ ಕಾಣದಿದ್ದರೆ ಬಂದೂಕನ್ನು ಎತ್ತಿಕೊಂಡು ಹೋಗಬಹುದು, ಲೈಸೆನ್ಸು ನಿಲ್ಲಬಹುದು. ಎಂಟು ತಿಂಗಳ ಕಾಯುವಿಕೆ, ಒಂದು ಬೇಸಿಗೆಯ ಕೆತ್ತನೆ, ಎಲ್ಲಕ್ಕಿಂತ ಮುಖ್ಯವಾಗಿ ನನ್ನ ಮಾನ, ಮೂರೂ ಆ ರಾಳದಲ್ಲಿ ಸಿಕ್ಕಿಕೊಂಡಿದ್ದವು.

ಗುರುವಾರ ಬೆಳಿಗ್ಗೆ ಆರಕ್ಕೆ ಸರೋಜಾಗೆ ನಿಜ ಹೇಳಿದೆ. ಅವಳಿಗೆ ಅಂದು ರಜೆ. ಚಹಾ ಕುಡಿಯುತ್ತ ಸಾವಧಾನವಾಗಿ ಕೇಳಿಸಿಕೊಂಡಳು. ಮೂವತ್ತು ವರ್ಷ ಜನರನ್ನು ಪ್ರಜ್ಞೆ ತಪ್ಪಿಸಿದವಳು, ಗಾಬರಿಯಾಗುವುದಿಲ್ಲ.

"ಕೊಬ್ರಿ ಎಣ್ಣಿ ಹಚ್ಚೀರಿ?"

"ಹಲಸಿನ ಹಣ್ಣಿಗೆ ಹಚ್ತೀವಲ್ಲ..."

"ಅದು ಹಣ್ಣೇನ್ರೀ?" ಎಂದು ಲೋಟ ಕೆಳಗಿಟ್ಟಳು. "ಸ್ಟೀಲಿನ ಲೋಟದಾಗ ಲೋಟ ಸಿಕ್ಕೊಂಡ್ರ ಏನ ಮಾಡ್ತೀವಿ?"

"ಒಳಗಿನ ಲೋಟಕ್ಕೆ ತಣ್ಣೀರು ಹಾಕ್ತೀವಿ."

"ಯಾಕ?"

"ಕುಗ್ಗಿ ಬಿಡ್ಲಿ ಅಂತ."

"ಮತ್ತ ಇಷ್ಟು ಗೊತ್ತಿದ್ದು ಸುಮ್ನ ಕೂತೀರಲ್ಲ! ಫ್ರೀಜರಿನಾಗ ಹಾಕ್ರಿ. ಆದ್ರ ನನ್ನ ಅವರೆಕಾಳು ಹೊರಗ ತಗದು ಇಟ್ಟೀರಿ ಅಂದ್ರ ನೋಡ್ರಿ ಮತ್ತ."

ಗ್ಯಾರೇಜಿನಲ್ಲಿ ಅವಳದೊಂದು ಉದ್ದನೆಯ ಫ್ರೀಜರ್ ಇದೆ, ಒಬ್ಬ ಮನುಷ್ಯ ಆರಾಮಾಗಿ ಮಲಗಬಹುದಾದದ್ದು. ತೆಂಗಿನ ತುರಿ, ಕರಿಬೇವು, ವರ್ಷಕ್ಕಾಗುವಷ್ಟು ಹಿಸುಕಿದ ಅವರೆಕಾಳು. ಬಂದೂಕಿನ ಬೋಲ್ಟು ನಿಯಮದ ಪ್ರಕಾರ ಬೇರೆಯಾಗಿ ಬೀರುವಿನಲ್ಲಿ ಬೀಗದೊಳಗಿತ್ತು, ಗುಂಡುಗಳು ಮನೆಯಲ್ಲೇ ಇರಲಿಲ್ಲ. ಉಳಿದ ಬಂದೂಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಳದಲ್ಲಿ ಮಲಗಿಸಿ, ಮೇಲೆ ಅವರೆಕಾಳಿನ ಚೀಲಗಳನ್ನು ಹೊದಿಸಿದೆ. ಬೀರುವಿನ ಹೊರಗಿರುವ ಬಂದೂಕನ್ನು ಕಣ್ಣು ತಪ್ಪಿಸಿ ಬಿಡುವಂತಿಲ್ಲ. ಕುರ್ಚಿ ಹಾಕಿಕೊಂಡು, ಶಾಲು ಹೊದ್ದು, ಫ್ರೀಜರಿನ ಮುಂದೆ ಕಾವಲು ಕುಳಿತೆ. ನಡುವೆ ಒಮ್ಮೆ ಸರೋಜಾ ಇಣುಕಿ, "ರೋಗಿ ಹೆಂಗದಾರ?" ಎಂದು ವಿಚಾರಿಸಿ ಹೋದಳು. ಹತ್ತೂವರೆಗೆ ತೆಗೆದು, ಬಿಡಿಸಿ, ಒರೆಸಿ, ಹನ್ನೊಂದಕ್ಕೆ ಗಂಭೀರವಾಗಿ ಬಾಗಿಲು ತೆರೆಯುವುದು ನನ್ನ ಯೋಜನೆ.

ಹತ್ತೂಕಾಲಿಗೆ ಕಾಲಿಂಗ್ ಬೆಲ್ ಆಯಿತು. ಇದಕ್ಕೆ ಮೊದಲು ಹೋಗಬೇಕಿದ್ದ ಮನೆಯವರು ಊರಲ್ಲಿರಲಿಲ್ಲ, ಬೇಗ ಬಂದೆ, ಪರವಾಗಿಲ್ಲ ತಾನೇ ಎಂದು ಕಾಲಿನ್ ಒಳಗೆ ಬಂದರು. ದೊಡ್ಡ ಮೈಯ, ಮೆಲುದನಿಯ ಮನುಷ್ಯ. ಸರೋಜಾ ಅವರನ್ನು ನೇರವಾಗಿ ಗ್ಯಾರೇಜಿಗೇ ಕರೆತಂದಳು. ನಾನು ಶಾಲಿನಲ್ಲಿ ಎದ್ದು ನಿಂತೆ.

"ಮಿಸ್ಟರ್ ಮೂರ್ತಿ, ಹೊಸ ಬಂದೂಕನ್ನು ನೋಡಬಹುದೇ?"

ಸುಳ್ಳು ಹೇಳುವ ತರಬೇತಿ ನನಗಿಲ್ಲ. "ಫ್ರೀಜರಿನಲ್ಲಿದೆ," ಎಂದೆ.

ಕಾಲಿನ್ ತಮ್ಮ ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಆಮೇಲೆ ಮುಚ್ಚಳ ಎತ್ತಿದರು, ಚೀಲ ಸರಿಸಿದರು, ನೋಡಿದರು. ನಾನು ರಾಳದ ಕಥೆ ಹೇಳಿದೆ, ಬೋಲ್ಟು ಬೀರುವಿನಲ್ಲಿದೆ ಎಂದೆ, ಬೆಳಿಗ್ಗೆಯಿಂದ ಇಲ್ಲಿಂದ ಏಳಲಿಲ್ಲ ಎಂದೆ. ಅವರು ಹೋಗಿ ಬೋಲ್ಟು ನೋಡಿ ಬಂದು ಪುಸ್ತಕ ತೆರೆದರು. "ಇಷ್ಟು ವರ್ಷದಲ್ಲಿ ಬಂದೂಕುಗಳನ್ನು ಎಲ್ಲೆಲ್ಲೋ ನೋಡಿದ್ದೇನೆ. ಬಟಾಣಿಯ ಕೆಳಗೆ ಇದೇ ಮೊದಲು," ಎಂದು ಬರೆಯತೊಡಗಿದರು.

ಆ ಕ್ಷಣದಲ್ಲಿ ವಿವೇಕವುಳ್ಳ ಯಾವನೂ ಬಾಯಿ ಬಿಡುತ್ತಿರಲಿಲ್ಲ. ನಾನು, "ಕ್ಷಮಿಸಿ, ಅದು ಬಟಾಣಿಯಲ್ಲ, ಅವರೆಕಾಳು," ಎಂದೆ.

ಕಾಲಿನ್ ಪೆನ್ನು ನಿಲ್ಲಿಸಿದರು. ಸರೋಜಾ ಕಣ್ಣು ಮುಚ್ಚಿಕೊಂಡಳು. "ದಾಖಲೆಗೆ ಹೋಗುವುದು ಸರಿಯಾಗಿರಲಿ ಅಂತ," ಎಂದು ನಾನು ಸೇರಿಸಿದೆ. ಅವರು ಬಟಾಣಿಯನ್ನು ನಿಧಾನವಾಗಿ ಹೊಡೆದುಹಾಕಿ, ಮುಂದಿನ ಪ್ರಶ್ನೆ ಸರೋಜಾಳ ಕಡೆ ತಿರುಗಿ ಕೇಳಿದರು: "ಡಾಕ್ಟರ್, ಇತ್ತೀಚೆಗೆ ಇವರ ಮನಸ್ಸಿನ ಸ್ಥಿತಿಯಲ್ಲಿ ಏನಾದರೂ ಬದಲಾವಣೆ ಕಂಡಿದೆಯೇ?"

ನನ್ನ ಲೈಸೆನ್ಸು ಅವಳ ನಾಲಿಗೆಯ ತುದಿಯಲ್ಲಿತ್ತು. ಹಪ್ಪಳದ ಮರದ ಹುಡಿ, ಉಪ್ಪಿನ ತಿದ್ದುಪಡಿ, ಮೂವತ್ತು ವರ್ಷದ ಬಾಕಿಯನ್ನೆಲ್ಲ ತೀರಿಸಿಕೊಳ್ಳಬಹುದಾದ ಸಮಯ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಏನೂ ಬದಲಾವಣೆ ಇಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದಳು. "ಮದುವೆಯಾದ ದಿನದಿಂದ ಹೀಗೇ ಇದ್ದಾರೆ."

ಆಮೇಲೆ ನಡೆದದ್ದನ್ನು ನಾನು ವರದಿಗಾರನ ಶಿಸ್ತಿನಿಂದ ಹೇಳುತ್ತೇನೆ. ಹಿಮ ಹಿಡಿದ ಬಂದೂಕನ್ನು ಮೇಜಿನ ಮೇಲಿಟ್ಟೆವು. ಮರವನ್ನು ಕಾಲಿನ್ ಹಿಡಿದರು, ಕಬ್ಬಿಣವನ್ನು ನಾನು ಹಿಡಿದೆ. ಸರೋಜಾ ಲಟ್ಟಣಿಗೆ ತಂದು, ಚೀಲ ಸುತ್ತಿ, ಮಗುವಿನ ಬೆನ್ನು ತಟ್ಟುವ ಹಾಗೆ ನಾಲ್ಕು ಸಲ ತಟ್ಟಿದಳು. ಐದನೆಯದಕ್ಕೆ 'ಟಕ್' ಎಂದು ಬಿಟ್ಟುಕೊಂಡಿತು. ಸಂಖ್ಯೆ ಕಂಡಿತು. ಕಾಲಿನ್ ಅದನ್ನು ಗಟ್ಟಿಯಾಗಿ ಓದಿದರು, ನಾನು ಕಾಗದದಲ್ಲಿ ನೋಡಿದೆ, ಅದಲುಬದಲಾಗಿ ಇನ್ನೊಮ್ಮೆ. ಎರಡು ಮೂಲ, ಒಂದೇ ಸಂಖ್ಯೆ. ಕಾಲಿನ್ ಉಪ್ಪಿಟ್ಟು ತಿಂದು, ಹೋಗುವಾಗ ಸರೋಜಾಳ ಕೈ ಕುಲುಕಿದರು. ಮೂರು ವಾರಕ್ಕೆ ಹೊಸ ಲೈಸೆನ್ಸು ಬಂತು.

ರಾಳದ ಅಚ್ಚಿನಲ್ಲಿ ಕೊಬ್ಬರಿ ಎಣ್ಣೆಯ ಮುದ್ದೆಗಳ ಗುಂಡಿಗಳಿದ್ದವು. ಕೆರೆದು, ಈ ಸಲ ಮೇಣ ತರಿಸಿ, ಸೂಚನೆಯ ಹಾಳೆಯನ್ನು ಪುನರುಕ್ತಿ ಸಮೇತ ಪಾಲಿಸಿದೆ. ಬಂದೂಕು ಕದಲದೆ ಕೂತಿತು. ಕಮ್ಮಾರರು ಮತ್ತೊಮ್ಮೆ ನೋಡಿ ತಲೆಯಾಡಿಸಿದರು. ಮಾರ್ಚಿನ ಒಂದು ಭಾನುವಾರ ಕ್ಲಬ್ಬಿನ ಪಂದ್ಯ. ಸರೋಜಾ ಮೊದಲ ಸಲ ನೋಡಲು ಬಂದಳು, ಚಿತ್ರಾನ್ನದ ಡಬ್ಬಿಯೊಂದಿಗೆ. ನನ್ನದು ಹನ್ನೆರಡನೇ ಗುರಿ. ಪಕ್ಕದಲ್ಲೇ ಹದಿಮೂರರಲ್ಲಿ ಮಾರ್ಗರೆಟ್. ನಾನು ಮಲಗಿದೆ, ಕೆನ್ನೆಯನ್ನು ಅಕ್ರೋಟಿನ ಮೇಲಿಟ್ಟೆ. ಒಂದು ಇಡೀ ಬೇಸಿಗೆ ಆ ಕೆನ್ನೆಗಾಗಿಯೇ ಉಜ್ಜಿದ ಮರ ಅದು. ಬಂದೂಕಿನ ಮೇಲಿನ ದುರ್ಬೀನಿನ ತುಂಬ ಗುರಿಯ ಕಪ್ಪು ವೃತ್ತವೊಂದೇ, ಬೇರೇನೂ ಕಾಣದು. ಐದು ಗುಂಡುಗಳನ್ನು ಒಂದು ಅಲ್ಪವಿರಾಮವೂ ಅತ್ತಿತ್ತಾಗದ ಹಾಗೆ ಬಿಟ್ಟೆ. ಜೀವನದಲ್ಲಿ ಇಷ್ಟು ಶುದ್ಧವಾದ ಪ್ರತಿಯನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ.

ಎಲ್ಲರ ಸರದಿ ಮುಗಿದು ಗುರಿಗಳ ಬಳಿ ನಡೆದು ಹೋದೆವು. ಹನ್ನೆರಡನೆಯ ಕಾಗದ, ಡೆಸ್ಕಿಗೆ ಬಂದ ಹೊಸ ಹಾಳೆಯಂತೆ ಸ್ವಚ್ಛವಾಗಿತ್ತು. ಹದಿಮೂರರಲ್ಲಿ ಹತ್ತು ತೂತುಗಳು. ನಡುವೆ ಮಾರ್ಗರೆಟ್ಟರ ಐದು, ಅದರ ಎಡಕ್ಕೆ ಇನ್ನೊಂದು ಐದು. ಎಡದ ಐದು ಎಷ್ಟು ಒತ್ತಾಗಿದ್ದವೆಂದರೆ ಒಂದು ರೂಪಾಯಿಯ ನಾಣ್ಯ ಇಟ್ಟರೆ ಐದೂ ಅದರಡಿ ಅಡಗಿ ಸುತ್ತಲೂ ಜಾಗ ಉಳಿಯುತ್ತಿತ್ತು. ಅಂಕ ಬರೆಯುವವನು ನನ್ನ ಹೆಸರಿನ ಮುಂದೆ ಸೊನ್ನೆ ಬರೆದ.

ಮಾರ್ಗರೆಟ್ ಕನ್ನಡಕ ಏರಿಸಿ ಆ ಐದನ್ನು ಮೆಚ್ಚುಗೆಯಿಂದ ನೋಡಿ, "ಮತ್ತೆ ನಮ್ಮ ಮನೆಗೇ ಬಂದಿರಾ, ಮೂರ್ತಿ? ಬಂದದ್ದಾಗಿದೆ, ಟೀ ಕುಡಿಯುತ್ತೀರಾ?" ಎಂದರು.

ಸರೋಜಾ ಅಲ್ಲಿ ಎಲ್ಲರಿಗೂ ಚಿತ್ರಾನ್ನ ಹಂಚಿದಳು. ದಾರಿಯುದ್ದಕ್ಕೂ ಏನೋ ಹಾಡು ಗುನುಗಿದಳು. ಮರುದಿನ ಬೆಳಿಗ್ಗೆ ಹಾಲಿಗೆಂದು ಹೋದರೆ ಫ್ರಿಜ್ಜಿನ ಬಾಗಿಲ ಮೇಲೆ ಅವಳ ದುಂಡನೆಯ ಅಕ್ಷರದಲ್ಲಿ ಒಂದು ಚೀಟಿ ಇತ್ತು: 'ತಿದ್ದುಪಡಿ. ನಿನ್ನೆಯ ಪಂದ್ಯದಲ್ಲಿ ಹನ್ನೆರಡನೇ ಗುರಿ ಎಂದಿರುವುದನ್ನು ಹದಿಮೂರನೇ ಗುರಿ ಎಂದು ಓದಿಕೊಳ್ಳಬೇಕು. ಬಂದೂಕಿನಲ್ಲಿ ದೋಷವಿಲ್ಲ. ಪ್ರಮಾದಕ್ಕೆ ವಿಷಾದಿಸುತ್ತೇವೆ. - ಸಂ.'

ಅಭ್ಯಾಸ ಬಿಡುವುದಿಲ್ಲ. ಜೇಬಿನಿಂದ ಪೆನ್ನು ತೆಗೆದು ಎರಡು ಸಲ ಓದಿದೆ. ತಿದ್ದಲು ಏನೂ ಸಿಗಲಿಲ್ಲ.