ಮೂರೂರಿನ ಡಾಕ್ಟರು, ನನ್ನೊಂದು ಗೋಣು

ಬಾಗಲ ಮುಂದಕ ಮಾಡ್ಕೊಂಡು ಓದ್ರಿ. ದನಿ ಎತ್ತಬ್ಯಾಡ್ರಿ, ತುಟಿಯೊಳಗ ಓದ್ಕೊಳ್ರಿ. ಇದರಾಗಿನ ಒಂದು ಮಾತೂ ನಮ್ಮ ಓಣಿ ಕಿವಿಗೆ ಬೀಳಬಾರದು, ನಿಮ್ಮ ಮಕ್ಕಳ ಆಣಿ ಐತಿ. ಹಂಗ ನೋಡಿದ್ರ ನಾ ಯಾರ ಸುದ್ದಿಗೂ ಹೋಗಾಕಿ ಅಲ್ಲ. ಸುದ್ದಿನ ನನ್ನ ಹುಡುಕ್ಕೊಂಡು ಬರ್ತಾವ. ಗೋಣು ಹಿಡಿದು ಮೂಲ್ಯಾಗ ಬಿದ್ದಾಗೂ ನನ್ನ ಬಿಡಲಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಯಾವ ದವಾಖಾನಿ ಮೆಟ್ಟಲಾ ಹತ್ತಿದ್ರೂ ಒಂದಿಲ್ಲೊಂದು ಆಗೇ ಆಗೋದು. ನಾ ಸಾಲಿಗೆ ಹೋಗಿದ್ದು ಅಂಗಳದಾಗ ಆಡಾಕ, ಅಕ್ಷರ ಸೊಟ್ಟ ಇದ್ರ ನೀವ ನೆಟ್ಟಗ ಮಾಡ್ಕೊಳ್ರಿ.

ಗೋಣು ಹಿಡೀತು

ಓಣಿಗೆಲ್ಲ ಒಂದೇ ಟಿವಿ ಇದ್ದ ಕಾಲ ಅದು. ನಾವು ಆಗೂ ಸಿಂಧನೂರಾಗ ಇದ್ವಿ, ಈಗೂ ಅಲ್ಲೇ ಅದೀವಿ. ಒಂದಿನ ಮುಂಜಾನಿ ಎದ್ದು ನೋಡ್ತೀನಿ, ಗೋಣು ಗೂಟ ಬಡದಂಗ ಆಗ್ಯದ. ಬಲಕ್ಕ ತಿರುಗಂಗಿಲ್ಲ, ಕೆಳಗ ಬಗ್ಗಂಗಿಲ್ಲ. ಅದು ಹೋಗ್ಲಿ ಅಂದ್ರ ಬಲಗೈಯಾಗ ಜೋಮು. ರೊಟ್ಟಿ ಬಡಿಯಾಕ ಕುಂತ್ರ ಬೆರಳು ನನ್ನ ಮಾತು ಕೇಳವಲ್ವು. ರೊಟ್ಟಿ ನಡುವ ಹರದು, ಹಂಚಿಗೆ ಹೋಗೋದು ಬಿಟ್ಟು ಬೂದ್ಯಾಗ ಬಿತ್ತು.

ಸಾಯೋದಕ್ಕ ನಾ ಅಂಜಾಕಿ ಅಲ್ಲ. ಆದ್ರ ಈ ಕೈ ಹೋತಂದ್ರ ಸಾಯೋತನಕ ಸೊಸಿ ಬಡದ ರೊಟ್ಟಿ ತಿನ್ನಬೇಕು. ಆಕಿ ರೊಟ್ಟಿ ನಾ ತಿಂದು ನೋಡೀನಿ. ಅದನ್ನ ಹರಿಯಾಕೂ ಒಂದು ಗಟ್ಟಿ ಕೈ ಬೇಕು.

ನಮ್ಮನಿಯಾಂವ ಬಸ್‌ಸ್ಟ್ಯಾಂಡ್ ಹಿಂದಿನ ಡಾಕ್ಟರ ಹತ್ರ ಕರಕೊಂಡು ಹೋದ. ಡಾಕ್ಟರು ಭಾಳ ಸಾವಕಾಶ ಮನಷ್ಯಾ. ಗೋಣು ಒತ್ತಿ ನೋಡಿ, "ಅವ್ವಾರ, ಏನು ಕೆಲಸ ಮಾಡ್ತೀರಿ?" ಅಂದ್ರು.

"ವಯಸ್ಸಿನ್ಯಾಗ ದಢೇಸುಗೂರು ಕಡಿ ಭತ್ತದ ಸಸಿ ಹಚ್ಚೀನ್ರಿ, ದಿನಾ ಬಗ್ಗಿ ಬಗ್ಗಿ. ತಲಿ ಮ್ಯಾಲ ಹೊರಿ ಹೊತ್ತೀನಿ. ಅದ ಇರಬೇಕ್ರಿ."

"ಈಗೇನು ಮಾಡ್ತೀರಿ?"

ನಾ ಬಾಯಿ ತೆರಿಯೋದ್ರಾಗ ನಮ್ಮನಿಯಾಂವ ಹೇಳಿಬಿಟ್ಟ: "ಬಾಗಲದಾಗ ನಿಂದರ್ತಾಳ್ರಿ ಸಾಹೇಬ್ರ. ಗೋಣು ಹೊರಗ, ಉಳಿದದ್ದೆಲ್ಲ ಒಳಗ."

"ಎಷ್ಟೊತ್ತು?"

"ಅದು ನಮ್ಮ ಕೈಯಾಗ ಇಲ್ರಿ. ಯಾರ ಮನ್ಯಾಗೂ ಜಗಳ ಇಲ್ಲಂದ್ರ ಲಗೂನ ಒಳಗ ಬರ್ತಾಳ."

ಡಾಕ್ಟರು ನಗಲಿಲ್ಲ. ಚೀಟಿ ಬರಕೋತ ಗಂಭೀರ ಆಗಿ ಅಂದ್ರು: "ಹಂಗಾದ್ರ ನಿಮ್ಮ ಓಣಿಯವರಿಗೆ ಒಂದು ತಿಂಗಳು ಸಮಾಧಾನದಿಂದ ಇರಾಕ ಹೇಳ್ರಿ."

ಮಸ್ಕ್ಯಾಗ ನಿದ್ದಿ

ಆ ಡಾಕ್ಟರು ಗೋಣಿಗೆ ಒಂದು ದಪ್ಪನ ಪಟ್ಟಾ ಕೊಟ್ರು, ಜೊತಿಗೆ ಗುಳಿಗಿ. ಪಟ್ಟಾ ಹಾಕ್ಕೊಂಡ್ರ ಗದ್ದ ಮ್ಯಾಲಕ್ಕೇ ನಿಂದರ್ತಿತ್ತು, ತಹಸೀಲ್ದಾರ ಹೆಂಡ್ತಿಯಂಗ. ಗುಳಿಗಿದು ಬ್ಯಾರೇನ ಮಜಾ. ನುಂಗಿ ಒಂದು ಗಳಿಗಿಗೆ ಮೈ ಹತ್ತಿಯಂಗ ಹಗುರ ಆಗೋದು. ಕಣ್ಣು ತೆರದೇ ಇರ್ತಿತ್ತು, ಕನಸು ಬೀಳ್ತಿತ್ತು. ಪಡಸಾಲ್ಯಾಗ ಕಾಲುವಿ ನೀರು ತೆಳ್ಳಗ ಹರದು ಬರೋದು. ಬೆಳ್ಳಕ್ಕಿ ಒಂದೊಂದ ಕಾಲು ಎತ್ತಿಟ್ಟುಕೋತ ಅಡಿಗಿಮನಿಗೆ ಹೋಗಿ ಒಲಿ ಮುಂದ ನಿಂದ್ರೋದು. ನಾ "ಹುಶ್" ಅಂತಿದ್ದೆ. ಸೊಸಿ "ಯಾರಿಗಂತಿ ಅತ್ತಿ?" ಅಂತ ಸಿಟ್ಟಾಗ್ತಿದ್ಲು. ಬೆಳ್ಳಕ್ಕಿ ನಿಂತ ಜಾಗದಾಗ ಆಕಿನ ಇರ್ತಿದ್ಲು.

ಅದೇ ಹೊತ್ತಿಗೆ ಮಸ್ಕ್ಯಾಗ ನಮ್ಮ ತಂಗಿ ಮಗಳ ಮದವಿ ಮಾತುಕತಿ ಬಂತು. ಗಂಡಿನವರು ಮನಿಗೆ ಬಂದು ಕುಂತಿದ್ರು. ನಾ ಹೆಣ್ಣಿನ ದೊಡ್ಡವ್ವ, ನನ್ನ ನಡುವಿನ ಖುರ್ಚಿ ಮ್ಯಾಲ ಕುಂದ್ರಿಸಿದ್ರು. ಬಸ್ಸಿನ್ಯಾಗ ನೋವು ಹೆಚ್ಚಾಗಿತ್ತಂತ ಒಂದು ಗುಳಿಗಿ ಹೆಚ್ಚಿಗೆ ನುಂಗಿದ್ದೆ. ಚಾ ಬರೋದ್ರಾಗ ನನ್ನ ಮುಂದ ಕಾಲುವಿ ಹರಿಯಾಕ ಹತ್ತಿತ್ತು.

ಮುಂದಿಂದು ನಮ್ಮ ತಂಗಿ ಹೇಳಿದ್ದು. ಗಂಡಿನ ಅಪ್ಪ, "ಹುಡುಗಗ ಒಂದು ಮೋಟರ್‌ಸೈಕಲ್ ಆಗಬೇಕ್ರಿ" ಅಂದನಂತ. ಎಲ್ಲಾರೂ ನನ್ನ ಕಡಿ ನೋಡ್ಯಾರ. ನಾ ಗದ್ದ ಎತ್ತಿ, ಅರ್ಧ ಕಣ್ಣು ಬಿಟ್ಟು, ಕಂಬದಂಗ ಕುಂತೀನಿ. ತೂಕಡಿಸಾಕ ಪಟ್ಟಾ ಬಿಡಬೇಕಲ್ಲ! ಹೂಂ ಇಲ್ಲ, ಉಹೂಂ ಇಲ್ಲ. ಆಂವ ಗಂಟಲ ಸರಿ ಮಾಡ್ಕೊಂಡು, "ಮೋಟರ್‌ಸೈಕಲ್ ಇರ್ಲಿ ಬಿಡ್ರಿ, ಟಿವಿ ಕೊಟ್ರ ಸಾಕು" ಅಂದ. ನಾ ರೆಪ್ಪಿ ಹೊಡೀಲಿಲ್ಲ. "ಟಿವಿ ಯಾಕ, ಕಣ್ಣು ಹಾಳು. ಸೈಕಲ್ ಆದ್ರೂ..." ನನ್ನ ಮೂಗಿನಿಂದ ಸಣ್ಣ ಗೊರಕಿ ಬಂತಂತ. ಆಂವಗ ಅದು ಸಿಟ್ಟಿನ ಉಸಿರು ಅನಿಸಿ, "ಏನೂ ಬ್ಯಾಡ್ರಿ, ಹುಡುಗಿ ಚೊಲೊ ಅದಾಳ" ಅಂದುಬಿಟ್ಟ.

ನನಗ ಎಚ್ಚರಾದಾಗ ಎಲ್ಲಾರ ಬಾಯಾಗ ಸಕ್ಕರಿ ಇತ್ತು. ಅಲ್ಲಿಂದ ಮುಂದ ಮಸ್ಕ್ಯಾಗ ನಮ್ಮ ಬಳಗದಾಗ ಎಲ್ಲೆ ಹೆಣ್ಣು ನಿಶ್ಚೆ ಇದ್ರೂ ಹೇಳಿ ಕಳಸೋರು: "ನಿಮಗ ಬರಾಕ ತ್ರಾಸಾದ್ರ ಬ್ಯಾಡ್ರಿ ಅಕ್ಕಾರ, ಬರೇ ಪಟ್ಟಾ ಗುಳಿಗಿ ಕಳಸ್ರಿ, ಇಲ್ಲೇ ಯಾರಿಗಾದ್ರೂ ಹಾಕಿ ಕುಂದ್ರಿಸ್ತೀವಿ."

ಸೂರ್ಯಗ ಹಿಡಿದ ಎಕ್ಸರೇ

ಮಸ್ಕ್ಯಾಗ ಇದ್ದಾಗನ ಅಲ್ಲಿಯ ಒಬ್ಬ ವಯಸ್ಸಾದ ಡಾಕ್ಟರಿಗೂ ತೋರಿಸಿದ್ವಿ. ಆತ ಪಟ್ಟಾ ಬಿಚ್ಚಿ ಒಗದು, "ಇದನ್ನ ಹಾಕ್ಕೊಂಡೇ ಗೋಣು ಸೋತದ, ತೆಗೀರಿ" ಅಂದ. ಕೈಯಾಗಿನ ಜೋಮು ಹೋಗಲಿಲ್ಲ. ಲಿಂಗಸುಗೂರಾಗ ಫೋಟೋ ತಗದು ಒಳಗಿಂದು ಹೇಳೋ ಡಾಕ್ಟರ ಅದಾರಂತ ಅಲ್ಲಿಗೆ ಹೋದ್ವಿ. ಆತ ಎಕ್ಸರೇ ಬೆಳಕಿಗೆ ಹಿಡಿದು, "ಎಲುಬಿನ ಸಂದ್ಯಾಗ ನರ ಸಿಕ್ಕದ. ಆಪರೇಷನ್ ಮಾಡಿಸ್ಬೇಕು, ಇಲ್ಲಂದ್ರ ಈ ಕೈ ನೆಚ್ಚಬ್ಯಾಡ್ರಿ" ಅಂತ ಹೇಳ್ದ. ನಾ ಬಸ್ಸಿನ್ಯಾಗ ಉದ್ದಕ್ಕೂ ಬಲಗೈಯನ್ನ ಎಡಗೈಯಾಗ ಹಿಡಕೊಂಡು ಬಂದೆ, ಗಂಡನಮನಿಗೆ ಹೊಂಟ ಮಗಳಂಗ.

ಆ ವಾರನ ಗ್ರಹಣ ಬಂತು. ಓಣಿಯವರೆಲ್ಲ ಬಾಗಲಾ ಹಾಕ್ಕೊಂಡು ಕುಂತ್ರ, ನಮ್ಮ ಎದುರು ಮನಿ ಸಾಲಿ ಮಾಸ್ತರ ಮಾತ್ರ ಹೊರಗ ಬಂದು, "ಅಮ್ಮಾರ, ಎಕ್ಸರೇ ಹಾಳಿಯಾಗ ನೋಡಿದ್ರ ಏನೂ ಆಗಂಗಿಲ್ಲ, ನಿಮ್ಮದು ಕೊಡ್ರಿ" ಅಂದ. ಕೊಟ್ಟೆ. ಆಂವ ನೋಡಿದ ಮ್ಯಾಲ ನಾನೂ ಅಂಗಳದಾಗ ಹೊರಸಿನ ಮ್ಯಾಲ ಅಂಗಾತ ಮಲಕ್ಕೊಂಡು ನೋಡಿದೆ. ಏನು ಹೇಳ್ಲಿ! ಹೊಗಿಯಂಥ ಹಾಳ್ಯಾಗ ನನ್ನ ಎಲುಬಿನ ಸಾಲು, ಅದರ ನಡುವ ಕಡದ ರೊಟ್ಟಿಯಂಥ ಸೂರ್ಯ. ಮಟಮಟ ಮಧ್ಯಾಹ್ನ ಹಕ್ಕಿ ಗೂಡಿಗೆ ಹೊಂಟಿದ್ವು. ಗಾಳಿ ತಣ್ಣಗಾಗಿತ್ತು. ಜಗತ್ತೆಲ್ಲ ನನ್ನ ಗೋಣಿನೊಳಗ ಸಂಜಿ ಮಾಡ್ಕೊಂಡು ಮಲಗಾಕತ್ತದ ಅನಿಸ್ತು. ಒಂದು ಗಳಿಗಿ ನೋವ ಮರತಿತ್ತು.

ಹಾಳಿ ತಿರುಗಿ ಮಾಸ್ತರ ಕೈಗೆ ಕೊಟ್ಟು ಕಣ್ಣು ಮುಚ್ಚಿ ತೆಗಿಯೋದ್ರಾಗ ಆಂವ ನೋಡ್ರಿ, ಮನ್ಯಾಗಿಂದ ತಪ್ಪಿಸಿಕೊಂಡು ಬಂದು ನೋಡಬೇಕಂತ ಗದ್ದಲ ಹಾಕಿದ ಸಾಲಿ ಹುಡುಗ್ರಿಗೆಲ್ಲ ನನ್ನ ಎಕ್ಸರೇ ಕತ್ರಿಲೆ ಕತ್ತರಿಸಿ ಹಂಚಿಬಿಟ್ಟಾನ!

ಉಳಿದ ಒಂದು ತುಂಡು ತಗೊಂಡು ಮತ್ತ ಸಿಂಧನೂರಿನ ಸಾವಕಾಶ ಡಾಕ್ಟರ ಹತ್ರ ಹೋದ್ವಿ, ಆಪರೇಷನ್ ಖರೇನ ಬೇಕೋ ಏನೋ ಕೇಳಾಕ. ಡಾಕ್ಟರು ತುಂಡು ಬೆಳಕಿಗೆ ಹಿಡಿದು ಭಾಳ ಹೊತ್ತು ನೋಡಿ, ಹಣಿ ಗಂಟು ಹಾಕಿ, "ಇದೇನಿದು, ಎಲುಬು ಇಲ್ಲಿಗೇ ಮುಗದುಬಿಟ್ಟದಲ್ಲ?" ಅಂದ್ರು.

ನಮ್ಮನಿಯಾಂವ ಸಮಾಧಾನ ಮಾಡ್ದ: "ಮುಗದಿಲ್ರಿ ಸಾಹೇಬ್ರ. ಉಳಿದದ್ದು ಐದನೇ ಕ್ಲಾಸಿನವರ ಹತ್ರ ಐತಿ."

ಯಾರ ಮಾತು ಕೇಳೋದು?

ಒಬ್ಬರು ಪಟ್ಟಾ ಹಾಕ್ಕೋ ಅಂದ್ರು. ಒಬ್ಬರು ಒಗಿ ಅಂದ್ರು. ಇನ್ನೊಬ್ಬರು ಕೊಯ್ಯಬೇಕು ಅಂದ್ರು. ಅಳಕೋತ ನಮ್ಮನಿಯಾಂವನ್ನ ಕೇಳಿದೆ: "ನೀವರೆ ಹೇಳ್ರಿ, ನನ್ನ ಕೈ ಹೊಂಟದ, ಯಾರ ಮಾತು ಕೇಳ್ಲಿ?"

ಆಂವ ಬೀಡಿ ಹಚ್ಚಿ ಯೋಚನಿ ಮಾಡಿ ಹೇಳ್ದ: "ಮುಂಜಾನಿ ಹಾಕ್ಕೋ. ಮಧ್ಯಾಹ್ನ ಒಗಿ. ಸಂಜಿಕಡಿ ಆಪರೇಷನ್ ಮಾಡಿಸೋಣು. ಮೂರೂ ಮಂದಿ ಕಲತವರು, ಯಾರ ಮನಸ್ಸಿಗೂ ನೋವಾಗಬಾರದು."

ಕಾಲು ಮುಂದಾಗಿ ಹುಟ್ಟಿದಾಕಿ

ಇದನ್ನಂತೂ ಯಾರಿಗೂ ಹೇಳಬ್ಯಾಡ್ರಿ. ಆಣಿ ನೆನಪೈತಿಲ್ಲೊ?

ಕಡೀಕ ರಾಯಚೂರಿನ ದೊಡ್ಡ ದವಾಖಾನಿಗೆ ಹೋಗೋದಂತ ನಿಶ್ಚೆ ಆತು. ಹೋಗೋ ಹಿಂದಿನ ದಿನ ವಳಕಮದಿನ್ನಿಯಿಂದ ನನ್ನ ನಾದಿನಿ ಬಂದ್ಲು. "ಕತ್ತಿ ಹಚ್ಚೋಕಿಂತ ಮೊದಲು ಒಂದು ಇಲಾಜು ಮಾಡಿ ನೋಡು ವೈನಿ" ಅಂದ್ಲು. ನಮ್ಮ ಕಡಿ ಒಂದು ನಂಬಿಗಿ ಐತಿ. ತಾಯಿ ಹೊಟ್ಟಿಯಿಂದ ತಲಿ ಬದ್ಲಿ ಕಾಲು ಮುಂದಾಗಿ ಬಂದವರು, ಹಿಡಕೊಂಡ ಜಾಗಕ್ಕ ಮೆಲ್ಲಕ ಮೂರು ಸಲ ಒದ್ರ ಹಿಡಿತ ಬಿಡ್ತದಂತ. "ಅಂಥಾವ್ರು ನಿಮ್ಮ ಓಣ್ಯಾಗ ಯಾರರೆ ಅದಾರೇನು?"

ಅದಾಳ. ನಮ್ಮ ಗ್ವಾಡಿಗೆ ಗ್ವಾಡಿ ಹತ್ತಿದ ಮನಿಯಾಕಿ. ಆಕಿ ಕಾಲು ಮುಂದಾಗಿ ಹುಟ್ಟ್ಯಾಳಂತ ಓಣಿಗೆಲ್ಲ ಗೊತ್ತು. ಹೂ ಮಾರಾಕಿನ ಕೇಳ್ರಿ, ಗಿರಣಿಯಾಂವನ ಕೇಳ್ರಿ, ಹೂಂ ಅಂತಾರ. ಆದ್ರ ಆಕಿ ನನ್ನ ಕೂಡ ಮಾತು ಬಿಟ್ಟು ಭಾಳ ವರ್ಷ ಆಗಿದ್ವು. ಯಾಕಂದ್ರ ಆಕಿ ಸೊಸಿ ತವರಿಗೆ ಹೋಗಿ ತಿರುಗಿ ಬರದಾಗ, ಯಾಕ ಬಂದಿಲ್ಲ ಅನ್ನೋದನ್ನ ನಾ ಒಂದ ಸಲ ಹೇಳಿದ್ದೆ. ಅದೂ ಕಾಲುವಿ ದಂಡ್ಯಾಗ ಬಟ್ಟಿ ಒಗಿಯೋವಾಗ, ಸಣ್ಣ ದನೀಲೆ. ಅಲ್ಲೆ ಅಷ್ಟು ಮಂದಿ ಇದ್ದದ್ದು ನನ್ನ ತಪ್ಪೇನು?

ಆದ್ರೂ ಕೈ ಉಳೀಬೇಕಲ್ಲ. ನಾದಿನಿನ ಕಳಿಸಿದೆ. ಆಕಿ ಹೋಗಿ ಕೈಕಾಲು ಬಿದ್ದು ಬಂದು, "ಬರ್ತಾಳಂತ, ಮೂಡಾಣಕ್ಕ ಮಾರಿ ಮಾಡಿ ಕುಂದ್ರಬೇಕಂತ" ಅಂದ್ಲು.

ಮುಂಜಾನಿ ಎಳಿಬಿಸಲಾಗ ನಮ್ಮ ಅಂಗಳದಾಗ ಮಣಿ ಹಾಕ್ಕೊಂಡು ಅದರ ಮ್ಯಾಲ ಕುಂತೆ. ಗುಳಿಗಿ ನುಂಗಿದ್ದೆ. ಬಿಸಲು ಬಂಗಾರದ ನೀರಿನಂಗ ಅಂಗಳದಾಗ ನಿಂತಿತ್ತು, ನಾ ಅದರಾಗ ತೇಲಾಕತ್ತಿದ್ದೆ. ಹಿಂದ ಕಾಲಸಪ್ಪಳ. ಒಂದಲ್ಲ, ಹತ್ತಾರು. ಬಳಿ ಸಪ್ಪಳ, ಕೆಮ್ಮು, ಗುಸುಗುಸು. ತಿರುಗಿ ನೋಡಾಕ ಬರಂಗಿಲ್ಲ. "ಯಾರ ಬಂದಾರ್ಲೇ?" ಅಂತ ನಾದಿನಿನ ಕೇಳಿದೆ.

"ಎಲ್ಲಾರೂ ವೈನಿ" ಅಂದ್ಲು ಆಕಿ. "ನಿನ್ನ ಒದಿಯೋದು ನೋಡಾಕ."

ಹೂ ಮಾರಾಕಿ ದನಿ ಕೇಳಿಸ್ತು: "ಯಕ್ಕಾ, ನನ್ನ ಕಡಿಂದ ಒಂದು ಒದಿ." ಗಿರಣಿಯಾಂವ ಅಂದ: "ನಂದು ಕಡೀಕ ಇರ್ಲಿ, ಅವಸರ ಇಲ್ಲ." ನಮ್ಮ ಸೊಸಿ ಚಾ ಮಾಡಾಕ ಇಟ್ಲು, ಎಲ್ಲಾರಿಗೂ!

ನನಗ ಜೀವ ಹಾರಿತು. ಡಾಕ್ಟರು ಗೋಣಿಗೆ ಯಾರಿಗೂ ಕೈ ಹಚ್ಚಗೊಡಬ್ಯಾಡಂದಿದ್ರು, ನಾ ಕಾಲು ಹಚ್ಚಿಸ್ಕೊಳ್ಳಾಕ ಕುಂತೀನಿ, ಅದೂ ಹಗಿ ಸಾಧಿಸೋ ಹೆಂಗಸಿನ ಕಾಲು. ಆಮ್ಯಾಗ ರಾಯಚೂರಿನ ಡಾಕ್ಟರು ಕತ್ತಿ ಹಚ್ಚದನ, ಬರೇ ಔಷಧ ಕಸರತ್ತಿನಾಗ ಈ ಕೈ ಉಳಿಸಿಕೊಟ್ರು ಅನ್ನೋದು ಬ್ಯಾರೆ ಮಾತು. ಆ ಹೊತ್ತಿನ್ಯಾಗ ಅದು ನನಗೇನು ಗೊತ್ತು? ಕಣ್ಣು ಮುಚ್ಚಿ ದೇವರ ನೆನಿಸಿದೆ.

ಒದಿ ಬೀಳಲಿಲ್ಲ. ಕಣ್ಣು ತೆರದ್ರ ಆಕಿ ನನ್ನ ಸುತ್ತ ಬಳಸಿ ಬಂದು, ನನ್ನ ಮುಂದ ತುದಿಗಾಲ ಮ್ಯಾಲ ಕುಂತಿದ್ಲು. ಮಾರಿಗೆ ಮಾರಿ. ಇಷ್ಟು ವರ್ಷದ ಮ್ಯಾಲ ಮೊದಲನೇ ಮಾತು, ಓಣಿಗೆಲ್ಲ ಕೇಳೋವಂಗ ಅಂದ್ಲು:

"ಯಕ್ಕಾ, ನಾ ಎಲ್ಲಾರಂಗ ತಲಿ ಮುಂದಾಗೇ ಹುಟ್ಟೀನಿ. ಕಾಲು ಮುಂದಾಗಿ ಹುಟ್ಟ್ಯಾಳ, ಅದಕ್ಕ ಆ ಮನಿಗೆ ದೆಸಿ ಇಲ್ಲ ಅಂತ ಓಣಿ ತುಂಬ ಹಬ್ಬಿಸಿದಾಕಿ ನೀನ. ಸುಮ್ಮನ ರಾಯಚೂರು ಬಸ್ಸು ಹತ್ತು, ಅಲ್ಲೆ ಆರಾಮ ಆಗ್ತದ. ಆದ್ರ ಪಾಪ, ಇಷ್ಟು ಮಂದಿ ಮನಿ ಕೆಲಸ ಬಿಟ್ಟು ಬಂದಾರ, ಹಂಗ ಹ್ಯಾಂಗ ಕಳಸಾಕ ಬರ್ತದ? ಬಗ್ಗು."