ಎಡಿಟರ್‌ಗೆ ಹಾಸಿದ ಪೇಪರ್

ನಾಯಿಮರಿಯನ್ನು ಪಳಗಿಸುವುದು ನೀರು ಕುಡಿದಷ್ಟು ಸುಲಭ ಎಂದು ಊಟದ ಮೇಜಿನ ಮುಂದೆ ನಾನು ಘೋಷಿಸಿದ್ದು ಸುಮ್ಮನೆ ಅಲ್ಲ. ಭಾನುವಾರದ ಪುರವಣಿಗೆ ನಾಯಿಗಳ ತರಬೇತಿಯ ಬಗ್ಗೆ ಅರ್ಧ ಪುಟದ ಲೇಖನ ಬರೆದವನು ನಾನು. ಅದಕ್ಕಾಗಿ ಪಳಗಿದ ತರಬೇತುದಾರರನ್ನು ಮಾತಾಡಿಸಿದ್ದೆ, ಅವರಿಗಿಂತ ಪಳಗಿದ ನಾಯಿಗಳನ್ನು ದೂರದಿಂದ ನೋಡಿದ್ದೆ. ‘ಮರಿಯ ಮನಸ್ಸನ್ನು ಅರಿತವನಿಗೆ ನೆಲ ಒರೆಸುವ ಬಟ್ಟೆ ಬೇಕಿಲ್ಲ’ ಎಂಬ ವಾಕ್ಯದಿಂದ ಲೇಖನ ಮುಗಿದಿತ್ತು. ಆ ವಾಕ್ಯ ನನಗೆ ಬಹಳ ಹಿಡಿಸಿತ್ತು.

“ಈಜೋದರ ಬಗ್ಗೆನೂ ಬರೆದಿದ್ರಿ,” ಎಂದಳು ಹೆಂಡತಿ, ತಟ್ಟೆ ಎತ್ತುತ್ತಾ.

ನಿಜ. ಆ ಲೇಖನ ಅಚ್ಚಾದ ವಾರವೇ ನನ್ನನ್ನು ಈಜುಕೊಳದಿಂದ ಎಳೆದು ದಡಕ್ಕೆ ಹಾಕಿದವರು ಅದನ್ನು ಓದಿದ್ದರು ಎಂಬುದೂ ನಿಜ. ಆದರೆ ನೀರು ಬೇರೆ, ನಾಯಿ ಬೇರೆ.

ಮರಿ ಬಂದದ್ದು ಒಂದನೇ ತರಗತಿಯಲ್ಲಿದ್ದ ನಮ್ಮ ಮಗಳು ಪುಟ್ಟಿಯ ಹಟದಿಂದ, ಪರಿಚಯದ ಪಶುವೈದ್ಯರ ಕಡೆಯಿಂದ. ಕಂದು ಬಣ್ಣ, ಮೈಗಿಂತ ದೊಡ್ಡ ಕಿವಿ. ಬಂದ ದಿನವೇ ನನ್ನ ಮೇಜಿನ ಮೇಲಿದ್ದ ಹಸ್ತಪ್ರತಿಯನ್ನು ಎಳೆದು, ಹರಿದು, ಅಗಿದು, ಅದರಲ್ಲಿ ತನಗೆ ಒಗ್ಗದ್ದನ್ನೆಲ್ಲ ಉಗುಳಿತು. ಹೆಂಡತಿ ಅಲ್ಲಿಯೇ ಅದಕ್ಕೆ ‘ಎಡಿಟರ್’ ಎಂದು ಹೆಸರಿಟ್ಟಳು. ಬೇರೆ ಹೆಸರು ಹುಡುಕುವ ಕೆಲಸ ಅಲ್ಲಿಗೆ ಮುಗಿಯಿತು.

ತೊಡಕಿದ್ದದ್ದು ಕೆಳಗಿನ ಮನೆಯಲ್ಲಿ. ನಾವು ಮಹಡಿಯಲ್ಲಿ ಬಾಡಿಗೆಗಿದ್ದೇವೆ. ಮನೆಯ ಒಡತಿ ನಮ್ಮ ಸದ್ದೆಲ್ಲ ಇಳಿದು ಹೋಗುವ ಕೆಳ ಅಂತಸ್ತಿನಲ್ಲಿದ್ದಾರೆ. ನಿವೃತ್ತ ಗಣಿತ ಶಿಕ್ಷಕಿ. ಬೀದಿಗೆಲ್ಲ ಟೀಚರಮ್ಮ, ಪುಟ್ಟಿಗೆ ಟೀಚರಜ್ಜಿ. ಗೋಡೆಗೆ ಮೊಳೆ ಹೊಡೆಯಬಾರದು, ಪ್ರಾಣಿ ಸಾಕಬಾರದು ಎಂಬುದು ಅವರು ಮೊದಲ ದಿನವೇ ಹೇಳಿದ ಮಾತು. ಅವರನ್ನು ಹೇಗೆ ಒಪ್ಪಿಸುವುದೆಂದು ನಾವಿಬ್ಬರೂ ಅಡುಗೆಮನೆಯಲ್ಲಿ ಗುಸುಗುಸು ನಡೆಸುತ್ತಿದ್ದಾಗ ಪುಟ್ಟಿ ಮರಿಯನ್ನು ಎದೆಗವಚಿಕೊಂಡು ಒಬ್ಬಳೇ ಕೆಳಗಿಳಿದು ಹೋದಳು. ಬಹಳ ಹೊತ್ತಿನ ಮೇಲೆ ವಾಪಸು ಬಂದು ಒಪ್ಪಂದದ ವಿವರ ತಿಳಿಸಿದಳು. ತಿಂಗಳ ಕೊನೆಯವರೆಗೆ ಮರಿ ಇರಬಹುದು. ಆಮೇಲೆ ಟೀಚರಜ್ಜಿ ಮೇಲೆ ಬಂದು ನೋಡುತ್ತಾರೆ. ಮನೆಯಲ್ಲಿ ವಾಸನೆಯಾಗಲಿ ಒದ್ದೆಯಾಗಲಿ ಕಂಡರೆ, ಅದು ಊಳಿಟ್ಟು ಕಾಟ ಕೊಟ್ಟರೆ, ಮರಿಯನ್ನು ಕೊಟ್ಟ ಪಶುವೈದ್ಯರಿಗೇ ಮರಳಿಸಬೇಕು.

ಇಷ್ಟು ಹೇಳಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ಅಪ್ಪ, ನಿಂಗೆ ಕಲಿಸೋಕೆ ಬರುತ್ತಲ್ವಾ?”

“ಬರುತ್ತೆ,” ಎಂದೆ.

ಅವಳು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಮೊದಲ ಪಾಠ ಶೌಚದ್ದು. ಬೇರೆಯವರ ಮನೆಯಲ್ಲಿ ಧೂಳು ಇರುವಷ್ಟು ನಮ್ಮ ಮನೆಯಲ್ಲಿ ಹಳೆಯ ಪತ್ರಿಕೆಗಳಿವೆ. ಬಾಲ್ಕನಿಯ ಬಾಗಿಲ ಬಳಿ ಒಂದಿಷ್ಟು ಹಾಸಿದೆ. ಮರಿ ನಿದ್ದೆಯಿಂದ ಎದ್ದರೆ ಅಲ್ಲಿಗೆ, ಹಾಲು ಕುಡಿದರೆ ಅಲ್ಲಿಗೆ, ಮೂಗು ನೆಲಕ್ಕಿಟ್ಟು ಸುತ್ತತೊಡಗಿದರೆ ಎತ್ತಿಕೊಂಡು ಓಡಿ ಅಲ್ಲಿಗೆ. ಕೆಲಸ ಮುಗಿಸಿದೊಡನೆ ಹೊಗಳಬೇಕು, ತಡಮಾಡಬಾರದು ಎಂದು ತರಬೇತುದಾರರು ಹೇಳಿದ್ದರು. ಹಾಗಾಗಿ ಎಡಿಟರ್ ಪೇಪರ್ ಮೇಲೆ ಕೂತು ಹಗುರಾದಾಗಲೆಲ್ಲ ಮನೆಮಂದಿಯೆಲ್ಲ ಚಪ್ಪಾಳೆ ತಟ್ಟುವುದು ರೂಢಿಯಾಯಿತು. ಹೆಂಡತಿ ಫೋನಿನಲ್ಲಿ ಮಾತಾಡುತ್ತಿದ್ದರೂ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ತಟ್ಟುತ್ತಿದ್ದಳು. ನನ್ನ ಯಾವ ಲೇಖನಕ್ಕೂ ಸಿಗದ ಗೌರವ ಅದು.

ಮರಿ ಜಾಣ. ವಾರ ಕಳೆಯುವುದರೊಳಗೆ ತಾನಾಗಿಯೇ ಪೇಪರ್ ಹುಡುಕಿಕೊಂಡು ಹೋಗತೊಡಗಿತು. ನನ್ನ ಹೆಸರಿರುವ ಪುಟವೇ ಅದಕ್ಕೆ ಹೆಚ್ಚು ಇಷ್ಟ ಎಂದು ಹೆಂಡತಿ ಹೇಳಿದಳು. ಆ ಪುಟಗಳನ್ನೇ ಆರಿಸಿ ಹಾಸುತ್ತಿದ್ದವಳು ಅವಳೇ ಎಂಬುದು ನನಗೆ ಆಮೇಲೆ ತಿಳಿಯಿತು.

ಎರಡನೆಯ ಪಾಠಕ್ಕೆ ಒಂದು ಕ್ರೇಟ್ ತಂದೆ. ಕಂಬಿಯ ಗೋಡೆ, ಚಿಲಕದ ಬಾಗಿಲು. ಹೆಂಡತಿ ಅದನ್ನು ಬೋನು ಎಂದಳು. ನಾನು ‘ಮರಿಯ ಸ್ವಂತ ಮನೆ’ ಎಂದು ತಿದ್ದಿದೆ. ನಾವೇ ಬಾಡಿಗೆಗಿರುವಾಗ ಅದಕ್ಕೇಕೆ ಸ್ವಂತ ಮನೆ ಎಂದು ಅವಳು ಕೇಳಿದಳು. ನಾಯಿ ತಾನು ಮಲಗುವ ಜಾಗವನ್ನು ಗಲೀಜು ಮಾಡುವುದಿಲ್ಲ, ಇದೇ ಕ್ರೇಟಿನ ಇಡೀ ಶಾಸ್ತ್ರ ಎಂದು ವಿವರಿಸಿ, ಒಳಗೆ ಮೆತ್ತಗಿರಲೆಂದು ದಪ್ಪಗೆ ಪೇಪರ್ ಹಾಸಿದೆ.

ಎಡಿಟರ್ ಒಳಗೆ ಇಣುಕಿ ನೋಡಿತು. ನನ್ನ ಮುಖ ನೋಡಿತು. ನಾಲ್ಕೂ ಕಾಲು ನೆಲಕ್ಕೆ ಊರಿ ನಿಂತುಬಿಟ್ಟಿತು.

ಬಿಸ್ಕತ್ತು ಎಸೆದರೆ ಹಿಂಗಾಲು ಹೊರಗೇ ಇಟ್ಟು, ಕತ್ತು ಉದ್ದ ಮಾಡಿ, ಬಿಸ್ಕತ್ತು ಕಚ್ಚಿಕೊಂಡು ಹಿಂದಕ್ಕೆ ಸರಿಯುತ್ತಿತ್ತು. ಎತ್ತಿ ಒಳಗೆ ಬಿಟ್ಟು ಬಾಗಿಲು ಹಾಕಿದರೆ ಒಂದು ಮೂಲೆಯಲ್ಲಿ ನಿಂತೇ ಇರುತ್ತಿತ್ತು, ಕೂರುತ್ತಲೂ ಇರಲಿಲ್ಲ. ಆಮೇಲೆ ಊಳು. ಆಮೇಲೆ ಕೆಳಗಿನಿಂದ ಟೀಚರಮ್ಮನ ಪೊರಕೆಯ ಹಿಡಿ ಚಾವಣಿಗೆ ಟಕ್ ಟಕ್ ಎನ್ನುವುದು. ಪುಟ್ಟಿ ಮಾತ್ರ ಕ್ಯಾಲೆಂಡರ್ ನೋಡಿ ಬರುತ್ತಿದ್ದಳು.

ನಾನು ಕಾರಣ ಹುಡುಕಿದೆ. ತಾಯಿಯನ್ನು ಅಗಲಿದ ನೋವು ಎಂದೆ. ಸ್ವಾತಂತ್ರ್ಯಪ್ರಿಯ ಸ್ವಭಾವ ಎಂದೆ. ಒಳಗೆ ಭಯಪಡುವಂಥದ್ದು ಏನೂ ಇಲ್ಲವೆಂದು ತೋರಿಸಲು ಒಂದು ಮಧ್ಯಾಹ್ನ ನಾನೇ ತಲೆ ತೂರಿಸಿ, ಭುಜದವರೆಗೆ ಒಳಹೊಕ್ಕು, ಪೇಪರ್ ಮೇಲೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದೆ. ಎಡಿಟರ್ ಅಷ್ಟು ದೂರ ಹೋಗಿ ಕೂತು ನನ್ನನ್ನು ದಿಟ್ಟಿಸಿತು. ಆ ನೋಟದಲ್ಲಿದ್ದದ್ದು ಅಚ್ಚರಿ ಎಂದುಕೊಂಡಿದ್ದೆ. ಅಸಹ್ಯ ಎಂದು ಈಗ ಗೊತ್ತು.

“ಅಲ್ಲೇ ಇರ್ತೀರಾ ಅಂದ್ರೆ ಚಿಲಕ ಹಾಕ್ತೀನಿ,” ಎಂದಳು ಹೆಂಡತಿ.

ತಿಂಗಳ ಕೊನೆ ಬಂತು. ಬೆಳಿಗ್ಗೆಯೇ ಪುಟ್ಟಿ ತನ್ನ ಬಾಚಣಿಗೆಯಿಂದ ಮರಿಯ ತಲೆ ಬಾಚಿದಳು. ಮನೆಯ ಪೇಪರನ್ನೆಲ್ಲ ಅಟ್ಟಕ್ಕೆ ಸೇರಿಸಿ, ನೆಲ ಒರೆಸಿ, ಕಿಟಕಿ ತೆರೆದೆವು. ಕ್ರೇಟಿನೊಳಗಿನದನ್ನು ಮಾತ್ರ ಹೊಸದಾಗಿ ಹಾಸಿ, ಅದರ ಬಾಗಿಲಿಗೆ ಚಿಲಕ ಹಾಕಿದೆ. ಟೀಚರಮ್ಮ ಓದುತ್ತಿದ್ದವರು ಹಾಗೆಯೇ ಎದ್ದು ಬಂದಂತಿತ್ತು. ಕಣ್ಣಿಗೆ ಕನ್ನಡಕ, ಕೈಯಲ್ಲಿ ಆ ದಿನದ ಪತ್ರಿಕೆ, ಅದರಲ್ಲಿ ಅರ್ಧ ತುಂಬಿಸಿದ ಪದಬಂಧ. ಸೋಫಾದಲ್ಲಿ ಕೂತು ಮೂಗೆಳೆದು ನೋಡಿದರು. ವಾಸನೆಯಿಲ್ಲ. ನೆಲ ನೋಡಿದರು. ಒಣಗಿತ್ತು. ಈ ಮರಿ ಹೋಗಬೇಕಾದ ಜಾಗದ ಹೊರತು ಬೇರೆಲ್ಲೂ ಹೋಗುವುದಿಲ್ಲ ಎಂದು ನಾನು ಸಣ್ಣದೊಂದು ಭಾಷಣ ಶುರುಮಾಡಿದೆ. ಹೆಂಡತಿ ಕಾಫಿ ತಂದಳು. ಲೋಟ ತೆಗೆದುಕೊಳ್ಳಲು ಟೀಚರಮ್ಮ ಪತ್ರಿಕೆಯನ್ನು ಕಾಲ ಬಳಿ ನೆಲಕ್ಕಿಟ್ಟರು.

ಪುಟ್ಟಿಯ ತೊಡೆಯಿಂದ ಎಡಿಟರ್ ಇಳಿಯಿತು. ಬೆಳಗಿನಿಂದ ಅದಕ್ಕೆ ಪೇಪರೇ ಸಿಕ್ಕಿರಲಿಲ್ಲ. ನೇರವಾಗಿ ನಡೆದು ಬಂದು, ಪದಬಂಧದ ಮೇಲೆ ಒಂದು ಸುತ್ತು ಹಾಕಿ, ಕೂತಿತು. ಧಾರಾಳವಾಗಿಯೇ ಕೂತಿತು.

ನಾವು ಮೂವರೂ ಚಪ್ಪಾಳೆ ತಟ್ಟಿದೆವು.

ಅಭ್ಯಾಸಬಲ. ಮನಸ್ಸು ಬೇಡವೆನ್ನುವುದರೊಳಗೆ ಕೈ ತಟ್ಟಿಯಾಗಿತ್ತು. ಟೀಚರಮ್ಮ ಕಾಫಿ ಲೋಟ ಹಿಡಿದುಕೊಂಡೇ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಪುಟ್ಟಿ ಮರಿಯನ್ನು ಬಾಚಿ ಎತ್ತಿಕೊಂಡಳು.

“ಅವನು ತಪ್ಪು ಮಾಡಿಲ್ಲ, ಟೀಚರಜ್ಜಿ. ಪೇಪರ್ ಕಂಡ್ರೆ ಅದರ ಮೇಲೇ ಮಾಡ್ಬೇಕು ಅಂತ ಅಪ್ಪನೇ ಹೇಳಿಕೊಟ್ಟಿದ್ದು.”

ಟೀಚರಮ್ಮ ತಲೆಯಾಡಿಸಿದರು. ಆಮೇಲೆ ಕ್ರೇಟಿನ ಕಡೆ ಗದ್ದ ತೋರಿಸಿ, ಊಳಿಡುವುದು ಅದರಲ್ಲಿಯೇ ಏನು ಎಂದು ಕೇಳಿದರು. ಹೌದೆಂದೆ.

“ಒಳಗೆ ಏನು ಹಾಸಿದೀರಿ?”

“ಪೇಪರ್,” ಎಂದೆ.

ಆ ಮಾತು ನನ್ನ ಬಾಯಿಂದ ಹೊರಟು ನನ್ನದೇ ಕಿವಿ ತಲುಪುವಷ್ಟರಲ್ಲಿ ಎಲ್ಲವೂ ಅರ್ಥವಾಯಿತು. ಹೆಂಡತಿಗೂ ಆಯಿತು. ಅವಳು ನಿಧಾನವಾಗಿ ನನ್ನ ಕಡೆ ತಿರುಗಿದಳು.

“ಅಂದ್ರೆ ಇಷ್ಟು ದಿನ ಆ ಮಗೂನ ಕಕ್ಕಸಲ್ಲಿ ಮಲಗು ಅಂತ ಬಲವಂತ ಮಾಡ್ತಿದ್ರಿ.”

ನಾನು ತಲೆ ತಗ್ಗಿಸಿದೆ. ಆ ಮೂಲೆಯಲ್ಲಿ ಕೂರದೆ ನಿಂತಿದ್ದ ಪುಟ್ಟ ಕಾಲುಗಳು ಕಣ್ಣ ಮುಂದೆ ಬಂದವು. ಇಡೀ ಮನೆಯಲ್ಲಿ ಶುಚಿಯ ಶಾಸ್ತ್ರವನ್ನು ಸರಿಯಾಗಿ ಅರಗಿಸಿಕೊಂಡದ್ದು ಅದೊಂದೇ.

ಪುಟ್ಟಿ ಒಳಗೆ ಹೋಗಿ ತನ್ನ ಹಳದಿ ಹೊದಿಕೆ ತಂದಳು. ಹುಟ್ಟಿದಾಗಿನಿಂದ ಅದಿಲ್ಲದೆ ನಿದ್ದೆ ಮಾಡಿದವಳಲ್ಲ. ಒಗೆಯಲು ಕೂಡ ಕದ್ದೇ ಒಯ್ಯಬೇಕಿತ್ತು. ಕ್ರೇಟಿನ ಚಿಲಕ ತೆಗೆದು, ಪೇಪರ್ ಎಳೆದು ಹಾಕಿ, ಹೊದಿಕೆಯನ್ನು ಮಡಿಸಿ ಹಾಸಿದಳು. ಎಡಿಟರ್ ಮೂಸಿತು, ಒಳಗೆ ನಡೆಯಿತು, ಮೂಗನ್ನು ಬಾಲದಡಿ ಸೇರಿಸಿ ಮಲಗಿತು. ಬಾಗಿಲು ಹಾಕಿದೆ. ಒಂದು ನಿಟ್ಟುಸಿರಿನ ಹೊರತು ಸದ್ದಿಲ್ಲ.

ಟೀಚರಮ್ಮ ಕಾಫಿ ಮುಗಿಸಿ ಎದ್ದರು. ಪುಟ್ಟಿಯ ತಲೆ ಸವರಿ ಹೇಳಿದರು: “ಮರಿ ಪಾಸು ಕಣೇ, ಇಲ್ಲೇ ಇರಲಿ. ಮೇಷ್ಟ್ರು ಮಾತ್ರ ಇನ್ನೊಂದು ವರ್ಷ ಅದೇ ಕ್ಲಾಸಲ್ಲಿ ಕೂರಲಿ.”

ಅಂದಿನಿಂದ ನಮ್ಮ ಮನೆಯಲ್ಲಿ ಪೇಪರಿಗೆ ಬಚ್ಚಲುಮನೆ ಬಿಟ್ಟು ಬೇರೆಲ್ಲೂ ಪ್ರವೇಶವಿಲ್ಲ. ಹಾಗಾಗಿ ನಾನು ಓದುವುದೂ ಅಲ್ಲಿಯೇ. ಇಂದು ಬೆಳಿಗ್ಗೆ ನನ್ನದೇ ಲೇಖನದ ಕೊನೆಯ ಪ್ಯಾರಾದಲ್ಲಿದ್ದೆ. ಬಾಗಿಲು ಕೆರೆಯುವ ಸದ್ದಾಯಿತು.

“ರೀ,” ಎಂದಳು ಹೆಂಡತಿ ಹೊರಗಿನಿಂದ, “ಎಡಿಟರ್ ಕಾಯ್ತಿದಾರೆ. ಪುಟ ಬಿಟ್ಟುಕೊಡಿ.”

ವೃತ್ತಿಯಲ್ಲಿ ನಾನು ಗಡುವು ಮೀರಿದವನಲ್ಲ. ಪುಟ ಹಾಸಿ ಹೊರಬಂದೆ. ಎಡಿಟರ್ ಬಾಲ ಅಲ್ಲಾಡಿಸುತ್ತಾ ಒಳಗೆ ಹೋಯಿತು. ನಾವು ಮೂವರೂ ಬಾಗಿಲ ಬಳಿ ನಿಂತೆವು, ಚಪ್ಪಾಳೆಗೆ ಕೈ ಸಿದ್ಧವಾಗಿಟ್ಟುಕೊಂಡು.